ವಿದ್ವಾನ್, ವಿದ್ವಾಂಸ, ವಿದ್ವತ್ತು: ಕನ್ನಡವು ಸಂಸ್ಕೃತ ನಾಮಪದಗಳನ್ನು ಒಗ್ಗಿಸಿಕೊಂಡ ಬಗೆ

ಮೈಸೂರಿನಲ್ಲಿ ಸಂಗೀತ ಪಾಠ ಹೇಳುವವರ ಮನೆಯ ಫಲಕದ ಮೇಲೆ ಹೆಸರಿಗೆ ಮುಂಚೆ ‘ವಿದ್ವಾನ್’ ಎಂದೋ ‘ವಿದುಷಿ’ ಎಂದೋ ಬರೆದಿರುತ್ತದೆ. ಅವರು ತೇರ್ಗಡೆಯಾದದ್ದು ‘ವಿದ್ವತ್’ ಪರೀಕ್ಷೆಯಲ್ಲಿ. ಸಭೆಯಲ್ಲಿ ಅವರನ್ನು ಗೌರವಿಸುವುದು ‘ವಿದ್ವಾಂಸರು’ ಎಂದು. ನಾಲ್ಕೂ ಒಂದೇ ಸಂಸ್ಕೃತ ಶಬ್ದದ ರೂಪಗಳು. ಸಂಸ್ಕೃತದಲ್ಲಿ ವಿದ್ವಾನ್ ಎಂಬುದು ಪ್ರಥಮಾ ಏಕವಚನ. ದ್ವಿತೀಯಾ ಏಕವಚನವಾದ ವಿದ್ವಾಂಸಮ್‌ನಲ್ಲಿ ಪ್ರಬಲ ಅಂಗವೂ, ತೃತೀಯೆಯ ವಿದುಷಾ ಮತ್ತು ಸ್ತ್ರೀಲಿಂಗದ ವಿದುಷೀ ರೂಪಗಳಲ್ಲಿ ದುರ್ಬಲ ಅಂಗವೂ, ಸಮಾಸದ ಪೂರ್ವಪದದಲ್ಲಿ ವಿದ್ವತ್ ಎಂಬ ಅಂಗವೂ ಕಾಣಿಸಿಕೊಳ್ಳುತ್ತವೆ. ಅಲ್ಲಿ ಒಂದೇ ಪದದ ವಿಭಕ್ತಿಪಟ್ಟಿಯೊಳಗೆ ಅಡಗಿದ್ದ ವ್ಯತ್ಯಾಸಗಳು ಇಲ್ಲಿ ನಾಲ್ಕು ಬೇರೆ ಪದಗಳಾಗಿ, ನಾಲ್ಕು ಬೇರೆ ಕೆಲಸಗಳನ್ನು ಹಂಚಿಕೊಂಡಿವೆ.

ಶಾಲಾ ವ್ಯಾಕರಣಗಳು ಇಂಥ ಪದಗಳನ್ನು ‘ತತ್ಸಮ’ ಎಂಬ ಹೆಸರಿನಡಿ ಸೇರಿಸಿ, ಬದಲಾವಣೆಯಿಲ್ಲದೆ ಬಂದವು ಎಂದು ಹೇಳಿ ಮುಗಿಸುತ್ತವೆ. ಧ್ವನಿಯ ಮಟ್ಟದಲ್ಲಿ ಈ ಮಾತು ಬಹುಮಟ್ಟಿಗೆ ನಿಜ. ರೂಪರಚನೆಯ ಮಟ್ಟದಲ್ಲಿ ಮಾತ್ರ ಕನ್ನಡದೊಳಗೆ ವಿಭಕ್ತಿ ಪಡೆಯುವ ಯಾವ ಸಂಸ್ಕೃತ ನಾಮವೂ ಬದಲಾಗದೆ ಬಂದಿಲ್ಲವೆಂಬುದು ನಮ್ಮ ವಾದ.

ಹೋಲಿಕೆಗೆ ಲ್ಯಾಟಿನ್ ಅನುಕೂಲವಾಗಿದೆ. ಗ್ರೀಕಿನ ಎದುರು ಅದರ ಸ್ಥಿತಿ ಸಂಸ್ಕೃತದ ಎದುರು ಕನ್ನಡದ ಸ್ಥಿತಿಯಂತೆಯೇ ಇತ್ತು. ಗ್ರೀಕಿನ ‘ಪೊಯಿಏಟೇಸ್’ ಲ್ಯಾಟಿನ್ನಿನಲ್ಲಿ ‘ಪೊಏಟ’ ಆಯಿತು. ಪುಲ್ಲಿಂಗವಾಗಿಯೇ ಉಳಿದರೂ ವಿಭಕ್ತಿಯಲ್ಲಿ ಆಕಾರಾಂತ ಸ್ತ್ರೀಲಿಂಗ ಪದಗಳ ಗುಂಪು ಸೇರಿತು. ಇದು ಹಳೆಯ ಪದ್ಧತಿ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಹುಟ್ಟಿದ ದುರಂತ ನಾಟಕಕಾರ ಅಕ್ಕಿಯುಸ್ ಈ ಪದ್ಧತಿಯನ್ನು ಸಡಿಲಿಸಿ, ‘ಹೆಕ್ಟೊರೆಮ್’ ಎಂಬ ಲ್ಯಾಟಿನ್ ದ್ವಿತೀಯೆಯ ಬದಲು ‘ಹೆಕ್ಟೊರ’ ಎಂಬ ಗ್ರೀಕ್ ದ್ವಿತೀಯೆಯನ್ನೇ ಬಳಸಿದನೆಂದು ವರ್ರೊ ದಾಖಲಿಸುತ್ತಾನೆ. ಕ್ರಿಸ್ತಶಕ ಒಂದನೆಯ ಶತಮಾನದ ಕ್ವಿಂಟಿಲಿಯನ್ನನಿಗೆ ಲ್ಯಾಟಿನ್ ಪ್ರತ್ಯಯಗಳ ಪಕ್ಷಪಾತವಿದೆ. ಆದರೂ ‘ಕಲಿಪ್ಸೊನೆಮ್’ ಎನ್ನಲು ಅವನ ಮನಸ್ಸು ಒಪ್ಪುವುದಿಲ್ಲ. ಹಿಂದಿನವರನ್ನು ಅನುಸರಿಸಿ ಸೀಸರನೇ ಹಾಗೆ ಬಳಸಿದ್ದರೂ ರೂಢಿಯು ಪ್ರಮಾಣವನ್ನು ಮೀರಿಸಿತೆನ್ನುತ್ತಾನೆ. ಸಾಹಿತ್ಯಕ ಲ್ಯಾಟಿನ್ ಹೀಗೆ ಪದದ ಜೊತೆ ಪರಭಾಷೆಯ ವಿಭಕ್ತಿಯನ್ನೂ ಎರವಲು ತಂದಿತು.

ಕನ್ನಡ ಆ ದಾರಿ ಹಿಡಿಯಲಿಲ್ಲ. ಸಂಸ್ಕೃತ ಸಮಾಸಗಳಿಂದ ಕಿಕ್ಕಿರಿದ ಹಲ್ಮಿಡಿ ಶಾಸನದಲ್ಲೂ ‘ತ್ಯಾಗಸಂಪನ್ನನ್’ ಎಂಬ ರೂಪವಿದೆ. ಪ್ರಕೃತಿ ಪೂರ್ತಿ ಸಂಸ್ಕೃತದ್ದು, ಕೊನೆಯ ನಕಾರ ಕನ್ನಡದ್ದು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವಿಭಕ್ತಿ ಹತ್ತುವ ಮುನ್ನಿನ ನಾಮಪ್ರಕೃತಿಯನ್ನು ‘ಲಿಂಗ’ವೆಂದು ಕರೆದು, ದೇಶ್ಯವೋ ಸಮಸಂಸ್ಕೃತವೋ ಎಂಬ ಭೇದವಿಲ್ಲದೆ ಕನ್ನಡದ ಪ್ರತ್ಯಯಗಳನ್ನೇ ವಿಧಿಸುತ್ತಾನೆ. ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಕನ್ನಡದ ಮೇಲೆ ಹೇರಿದನೆಂಬ ಆರೋಪ ಅವನ ಮೇಲಿದೆ. ಡಿ. ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಬಂದ ಮೇಲೆ ಇಂಥ ಟೀಕೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಾರಕ, ಸಮಾಸಗಳ ವಿಚಾರದಲ್ಲಿ ಅದನ್ನು ನಾವೂ ಒಪ್ಪುತ್ತೇವೆ. ಎರವಲು ನಾಮಗಳ ವಿಚಾರದಲ್ಲಿ ಮಾತ್ರ ಕೇಶಿರಾಜ ಕಂಡದ್ದು ಕನ್ನಡದ ನಡೆಯನ್ನೇ.

ಇಲ್ಲಿ ಕಣ್ಣಿಗೆ ಮೋಸ ಮಾಡುವ ಒಂದು ರೂಪವಿದೆ. ಗ್ರೀಕಿನ ‘ಕೆಂಟ್ರೊನ್’ ಲ್ಯಾಟಿನ್ನಿಗೆ ‘ಕೆಂಟ್ರುಮ್’ ಆಗಿ, ಸಂಸ್ಕೃತದ ಜ್ಯೋತಿಷಕ್ಕೆ ‘ಕೇಂದ್ರಮ್’ ಆಗಿ ಹೋಯಿತು. ಎರಡೂ ಕಡೆ ನಪುಂಸಕದ ಗ್ರೀಕ್ ಪ್ರತ್ಯಯದ ಸ್ಥಾನಕ್ಕೆ ಆಯಾ ಭಾಷೆಯ ನಪುಂಸಕ ಪ್ರತ್ಯಯ ಬಂದು ಕೂತಿತು. ಹಳಗನ್ನಡದ ಮಾದರಿಯಲ್ಲಿ ಇದು ‘ಕೇಂದ್ರಂ’. ಸರಪಳಿ ಮುಂದುವರಿದಂತೆಯೇ ತೋರುತ್ತದೆ. ಆದರೆ ‘ಮರಂ’ ಎಂಬ ದೇಶ್ಯ ಪದಕ್ಕೂ ಇದೇ ಬಿಂದುವಿದೆ. ಸಂಸ್ಕೃತದಲ್ಲಿ ಪುಲ್ಲಿಂಗವಾಗಿ ವಿಸರ್ಗದಿಂದ ಕೊನೆಗೊಳ್ಳುವ ವೃಕ್ಷಶಬ್ದವೂ ‘ವೃಕ್ಷಂ’ ಎಂದೇ ಆಗುತ್ತದೆ. ಆದ್ದರಿಂದ ಆ ಬಿಂದು ಕನ್ನಡದ ಸ್ವಂತದ್ದು. ಸಂಸ್ಕೃತದ ಮಕಾರದೊಡನೆ ಅದರ ಹೋಲಿಕೆ ಆಕಸ್ಮಿಕ. ಲಿಂಗವಿವಕ್ಷೆಯ ಕಥೆಯೂ ಇದೇ. ಸಂಸ್ಕೃತದಲ್ಲಿ ಗೆಳೆಯನೆಂಬ ಅರ್ಥದ ಮಿತ್ರಶಬ್ದ ನಪುಂಸಕ, ನದಿ ಸ್ತ್ರೀಲಿಂಗ. ಕನ್ನಡದಲ್ಲಿ ಮಿತ್ರನು ಬಂದನು, ನದಿ ಹರಿಯಿತು.

ಹಾಗಾದರೆ ಕನ್ನಡ ಎರವಲು ಪಡೆದದ್ದು ಯಾವ ಅಂಗವನ್ನು? ‘ರಾಜ’, ‘ಆತ್ಮ’ಗಳು ನಕಾರ ಲೋಪವಾದ ಪ್ರಕೃತಿಗಳೆಂದು ಹೇಳುವುದು ವಾಡಿಕೆ. ಈ ಸಾಕ್ಷ್ಯ ನಿರ್ಣಾಯಕವಲ್ಲ. ಪಿತಾ ಎಂಬ ಪ್ರಥಮೆಯಿಂದ ‘ಪಿತ’, ಮಾತಾ ಎಂಬ ಪ್ರಥಮೆಯಿಂದ ‘ಮಾತೆ’ ಬಂದಿರುವಾಗ, ರಾಜಾ ಎಂಬ ಪ್ರಥಮೆಯೇ ಹ್ರಸ್ವವಾಗಿ ‘ರಾಜ’ ಆಯಿತೆನ್ನಲು ಅಡ್ಡಿಯಿಲ್ಲ. ಗಂಡಸನ್ನು ಹೇಳುವ ಪದ ಅಕಾರಕ್ಕೂ ಹೆಂಗಸನ್ನು ಹೇಳುವ ಪದ ಎಕಾರಕ್ಕೂ ತಿರುಗಿರುವುದನ್ನು ಗಮನಿಸಬೇಕು. ನಿರ್ಣಾಯಕವಾದವು ವ್ಯಂಜನಾಂತಗಳು. ‘ಮನಸ್ಸು’, ‘ತಪಸ್ಸು’, ‘ಯಶಸ್ಸು’ಗಳಲ್ಲಿ ಪ್ರಥಮೆಯ ವಿಸರ್ಗದ ಸುಳಿವಿಲ್ಲ, ಸಕಾರಾಂತ ಪ್ರಕೃತಿಯೇ ದ್ವಿತ್ವಗೊಂಡು ಉಕಾರ ಪಡೆದಿದೆ. ಇನ್ನು ‘ಭಗವಂತ’, ‘ಶ್ರೀಮಂತ’, ‘ವಿದ್ವಾಂಸ’ಗಳಲ್ಲಿ ಕನ್ನಡ ಪ್ರಬಲ ಅಂಗವನ್ನು ಆರಿಸಿ, ಅದಕ್ಕೊಂದು ಅಕಾರ ಸೇರಿಸಿ, ‘ಅರಸ’ ಶಬ್ದದ ಜಾಡಿಗೆ ತಂದಿದೆ.

ಗ್ರೀಕಿನಲ್ಲಿ ಆನೆಗೆ ಪ್ರಥಮೆ ‘ಎಲೆಫಾಸ್’, ಉಳಿದ ವಿಭಕ್ತಿಗಳಲ್ಲಿ ಅಂಗ ‘ಎಲೆಫಾಂಟ್’. ಪ್ಲಾಟಸ್ ಮೊದಲಾದವರ ಲ್ಯಾಟಿನ್ ಈ ಅಂಗವನ್ನು ಹಿಡಿದು ‘ಎಲೆಫಾಂಟುಸ್’ ಎಂಬ ಸರಳ ಪದವನ್ನು ಮಾಡಿಕೊಂಡಿತು. ‘ಎಲೆಫಾಸ್’ ಎಂಬುದು ಕವಿಗಳ ಪಾಲಿಗೆ ಉಳಿಯಿತು. ಎಲೆಫಾಸ್‌ಗೆ ಎಲೆಫಾಂಟುಸ್ ಹೇಗೋ ಭಗವಾನ್‌ಗೆ ಭಗವಂತ ಹಾಗೆ. ಆದರೆ ಇಲ್ಲೊಂದು ಎಚ್ಚರ ಅಗತ್ಯ. ‘ವಂತ’, ‘ಮಂತ’ ಎಂಬ ಅಕಾರಾಂತ ರೂಪಗಳು ಪ್ರಾಕೃತದಲ್ಲೇ ಸಿದ್ಧವಾಗಿದ್ದವು. ಕನ್ನಡ ಅವನ್ನು ಅಲ್ಲಿಂದಲೇ ಪಡೆದಿರಬಹುದು, ಅನಂತರ ‘ಸಿರಿವಂತ’, ‘ಹಣವಂತ’ ಎಂದು ತದ್ಭವಗಳಿಗೂ ಹಚ್ಚಿರಬಹುದು. ‘ವಿದ್ವಾಂಸ’ಕ್ಕೆ ಆ ವಿವರಣೆ ಸಲ್ಲದು. ದಕಾರ ವಕಾರಗಳ ಒತ್ತಕ್ಷರವೂ ಅನುಸ್ವಾರಕ್ಕೆ ಮುಂಚಿನ ದೀರ್ಘವೂ ಪ್ರಾಕೃತದ ಬಾಯಲ್ಲಿ ಉಳಿಯುತ್ತಿರಲಿಲ್ಲ. ತೆಲುಗಿನ ‘ವಿದ್ವಾಂಸುಡು’ ಇದೇ ಅಂಗದ ಮೇಲೆ ನಿಂತಿದೆ. ಎಂದರೆ ಪ್ರಬಲ ಅಂಗವನ್ನು ಹೆಕ್ಕುವ ವಿಧಾನವು ನೇರ ಸಂಸ್ಕೃತದ ಎರವಲುಗಳಿಗೂ ಅನ್ವಯಿಸುತ್ತಿತ್ತು. ‘ಕರ್ತಾರ’, ‘ದಾತಾರ’, ‘ನೇತಾರ’ಗಳೂ ಇದೇ ಸಾಲಿನವು.

‘ನೇತಾರ’ ಅಶುದ್ಧ, ಸಂಸ್ಕೃತದಲ್ಲಿ ಅದು ಬಹುವಚನದ ರೂಪ ಎಂಬ ಆಕ್ಷೇಪವನ್ನು ನಾವು ಒಂದಕ್ಕಿಂತ ಹೆಚ್ಚು ಬಾರಿ ಕೇಳಿದ್ದೇವೆ. ನಮ್ಮದೇ ಒಂದು ಕರಡಿನಲ್ಲಿ ಆ ಪದಕ್ಕೆ ಕೆಂಪು ಗೆರೆಯೂ ಬಿದ್ದಿತ್ತು. ಆ ತರ್ಕವನ್ನು ಒಪ್ಪಿದರೆ ‘ವಿದ್ವಾಂಸ’, ‘ಭಗವಂತ’, ‘ಶ್ರೀಮಂತ’ಗಳಿಗೂ ಅದೇ ಗೆರೆ ಎಳೆಯಬೇಕಾಗುತ್ತದೆ. ಅದಕ್ಕೆ ಯಾರೂ ಸಿದ್ಧರಿರಲಾರರು.

ಪ್ರಥಮಾರೂಪಗಳೂ ಕನ್ನಡಕ್ಕೆ ಬಂದಿವೆ: ವಿದ್ವಾನ್, ಶ್ರೀಮಾನ್, ಭಗವಾನ್. ಇವು ಹೆಸರಿನ ಹಿಂದೆ ಬಿರುದಾಗಿ ನಿಲ್ಲುತ್ತವೆ. ‘ವಿದ್ವಾಂಸನಿಗೆ’ ಎನ್ನುವಷ್ಟು ಸಲೀಸಾಗಿ ‘ವಿದ್ವಾನ್’ಗೆ ವಿಭಕ್ತಿ ಹತ್ತದು, ಏಕೆಂದರೆ ಅದಕ್ಕೆ ಮೊದಲೇ ವಿಭಕ್ತಿ ಹತ್ತಿಯಾಗಿದೆ. ಅಕ್ಕಿಯುಸನ ‘ಹೆಕ್ಟೊರ’ ಲ್ಯಾಟಿನ್ ವಾಕ್ಯದಲ್ಲಿ ನಿಜವಾಗಿಯೂ ಕರ್ಮಪದವಾಗಿತ್ತು; ನಮ್ಮ ‘ವಿದ್ವಾನ್’ ಯಾವ ಕಾರಕವನ್ನೂ ಸೂಚಿಸುವುದಿಲ್ಲ. ಉಳಿದ ವಿಭಕ್ತಿಗಳ ಗತಿಯೂ ಹೀಗೆಯೇ. ‘ಅಕಸ್ಮಾತ್’ ಪಂಚಮಿ, ‘ಕ್ರಮೇಣ’ ತೃತೀಯೆ. ಕನ್ನಡದಲ್ಲಿ ಎರಡೂ ಅವ್ಯಯಗಳು. ಮೊದಲನೆಯದಕ್ಕೆ ‘ಆಗಿ’ ಸೇರಿಸಿ ‘ಅಕಸ್ಮಾತ್ತಾಗಿ’ ಎಂದು ಮತ್ತೊಮ್ಮೆ ಭದ್ರಪಡಿಸಿಕೊಂಡದ್ದೂ ಉಂಟು.

ಈ ಅಭ್ಯಾಸ ಸಂಸ್ಕೃತದ ಗಡಿಯನ್ನೂ ದಾಟಿತು. ಸಭಾ ಎಂಬುದು ಸ್ವತಂತ್ರವಾಗಿ ‘ಸಭೆ’, ಸಮಾಸದಲ್ಲಿ ‘ಸಭಾಂಗಣ’. ನದೀ ಎಂಬುದು ‘ನದಿ’, ಆದರೆ ‘ನದೀತೀರ’. ಅರಬ್ಬಿ ಮೂಲದಿಂದ ಪಾರಸಿ, ಉರ್ದುಗಳ ಮೂಲಕ ಬಂದ ಆಡಳಿತ ಪದಗಳನ್ನು ಕನ್ನಡ ಇದೇ ಅಚ್ಚಿಗೆ ಹೊಯ್ದಿತು: ಜಿಲ್ಲೆ ಮತ್ತು ಜಿಲ್ಲಾಧಿಕಾರಿ, ಇಲಾಖೆ ಮತ್ತು ಇಲಾಖಾ ಪರೀಕ್ಷೆ, ರಜೆ ಮತ್ತು ರಜಾದಿನ. ‘ಜಿಲ್ಲಾಧಿಕಾರಿ’ಯಂಥದ್ದು ನೆರೆಭಾಷೆಗಳಿಂದ ಇಡಿಯಾಗಿ ಬಂದಿರಬಹುದೆಂಬ ಸಂದೇಹ ನ್ಯಾಯವಾದದ್ದೇ, ಎಲ್ಲ ಪದಗಳೂ ಹೀಗೆ ನಡೆಯುವುದಿಲ್ಲ, ‘ಕಾರ್ಖಾನೆ’ ಸಮಾಸದಲ್ಲೂ ಸಾಮಾನ್ಯವಾಗಿ ಎಕಾರವನ್ನು ಬಿಡದು. ಆದರೂ ಆ ದೀರ್ಘವು ಕನ್ನಡದಲ್ಲಿ ಸಮಾಸದ ಪೂರ್ವಪದಕ್ಕೇ ಮೀಸಲಾಗಿ ಉಳಿದದ್ದು ಸಂಸ್ಕೃತ ಪದಗಳು ಹಾಕಿಕೊಟ್ಟ ಮೇಲ್ಪಂಕ್ತಿಯಿಂದ ಎಂದೇ ನಾವು ತಿಳಿಯುತ್ತೇವೆ.

ಈ ಅಚ್ಚಿಗೆ ಸಿಗದೆ ಉಳಿದ ಅರಬ್ಬಿ ಪದವೊಂದು ಮೈಸೂರಿನ ವಿಳಾಸಗಳಲ್ಲೇ ಇದೆ. ದೇವರಾಜ ಮೊಹಲ್ಲಾ, ಕೃಷ್ಣರಾಜ ಮೊಹಲ್ಲಾ, ಮಂಡಿ ಮೊಹಲ್ಲಾ ಎಲ್ಲದರಲ್ಲೂ ಕೊನೆಯ ಆಕಾರ ಹಾಗೆಯೇ ನಿಂತಿದೆ. ‘ಜಿಲ್ಲೆ’ಯು ‘ಮನೆ’ಯ ಗುಂಪಿಗೆ ಸೇರಿ ಯಕಾರಾಗಮದೊಡನೆ ‘ಜಿಲ್ಲೆಯಲ್ಲಿ’ ಎಂದಾದರೆ, ‘ಮೊಹಲ್ಲಾ’ ಪದವು ‘ಮರ’ದ ಗುಂಪಿಗೆ ಸೇರಿ ದಕಾರಾಗಮದೊಡನೆ ‘ಮೊಹಲ್ಲಾದಲ್ಲಿ’ ಎಂದಾಗುತ್ತದೆ. ಗ್ರೀಕ್ ಮೂಲದಿಂದ ಇಂಗ್ಲಿಷಿನ ಮೂಲಕ ಬಂದ ‘ಸಿನಿಮಾ’ವೂ ಇದೇ ಗುಂಪಿನದು. ಚತುರ್ಥಿಯಲ್ಲಿ ಮಾತ್ರ ಈ ಗುಂಪು ಇನ್ನೂ ಗಟ್ಟಿಯಾಗಿಲ್ಲ. ‘ಸಿನಿಮಾಕ್ಕೆ’ ಎನ್ನುವವರೂ ‘ಸಿನಿಮಾಗೆ’ ಎನ್ನುವವರೂ ಒಂದೇ ಬೀದಿಯಲ್ಲಿದ್ದಾರೆ.