ಒಳಗಿವಿಯ ತಲೆಸುತ್ತು: ನರ ಕತ್ತರಿಸುವುದರಿಂದ ತಲೆ ಹೊರಳಿಸುವವರೆಗೆ

ಅರಬೈಲ್ ಘಟ್ಟದ ತಿರುವುಗಳಲ್ಲಿ ಬಸ್ಸಿನೊಳಗೆ ಹೊಟ್ಟೆ ತೊಳಸುವುದು ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಹೊಸತಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮಾಡೇ ಗರಗರ ತಿರುಗಿದರೆ ಅದು ಬೇರೆ ಮಾತು. ನಮ್ಮಲ್ಲಿ ಆಗ ಮೊದಲು ಬರುವ ಉತ್ತರ ‘ಪಿತ್ತ ಕೆದರಿದೆ’. ಆಮೇಲೆ ಬಿಪಿ, ಗ್ಯಾಸು, ಕುತ್ತಿಗೆಯ ಮೂಳೆ ಸವೆತ. ಕಿವಿಯ ನೆನಪಾಗುವುದು ಕಡೆಗೆ. ಕೊನೆಕೊಯ್ಲಿನಲ್ಲಿ ಒಂದು ಅಡಿಕೆ ಮರದ ತುದಿಯಿಂದ ಇನ್ನೊಂದಕ್ಕೆ ಹಾಯುವ ಕೊನೆಗೌಡನಿಗೆ ಅರೆಕ್ಷಣದ ತಲೆಸುತ್ತೂ ಜೀವಕ್ಕೆ ಎರವಾಗಬಹುದು.

ಯುರೋಪಿನ ವೈದ್ಯರೂ ಬಹುಕಾಲ ಕಿವಿಯನ್ನು ಸಂಶಯಿಸಿರಲಿಲ್ಲ. ಮಿದುಳಿಗೆ ರಕ್ತ ನುಗ್ಗಿ ಹೀಗಾಗುತ್ತದೆ ಎಂದು ರೋಗಿಯ ರಕ್ತ ತೆಗೆಯುತ್ತಿದ್ದರು. 1820ರ ದಶಕದಲ್ಲಿ ಫ್ಲೂರಾನ್ಸ್ ಎಂಬ ವಿಜ್ಞಾನಿ ಪಾರಿವಾಳಗಳ ಒಳಗಿವಿಯ ಅರ್ಧವೃತ್ತ ನಾಳಗಳನ್ನು ಕತ್ತರಿಸಿ, ಅವು ಗಿರಕಿ ಹೊಡೆಯುವುದನ್ನು ಕಂಡಿದ್ದ. ಪ್ಯಾರಿಸ್ಸಿನ ಕಿವುಡರ ಸಂಸ್ಥೆಯ ವೈದ್ಯ ಪ್ರಾಸ್ಪರ್ ಮೆನಿಯರ್ 1861ರಲ್ಲಿ, ತಲೆಸುತ್ತು, ಕಿವಿಯೊಳಗಿನ ಮೊರೆತ, ಕಿವುಡು ಒಟ್ಟಿಗೆ ಬಂದರೆ ಮೂಲ ಒಳಗಿವಿಯಲ್ಲಿದೆ ಎಂದು ಮಂಡಿಸಿದ. ಮರುವರ್ಷವೇ ತೀರಿಕೊಂಡ. ಯಾವ ಕಿವಿ ಕೆಟ್ಟಿದೆ ಎಂದು ತಿಳಿಯಲು ಕಿವಿಗೆ ಬೆಚ್ಚಗಿನ, ತಣ್ಣಗಿನ ನೀರು ಬಿಟ್ಟು ಕಣ್ಣಿನ ಅಲುಗಾಟ ನೋಡುವ ಪರೀಕ್ಷೆಯನ್ನು ರಾಬರ್ಟ್ ಬಾರಾನಿ ರೂಪಿಸಿದ. ಅದಕ್ಕೆ 1914ರ ನೊಬೆಲ್ ಬಂದಾಗ ಅವನು ರಷ್ಯದಲ್ಲಿ ಯುದ್ಧಕೈದಿ.

ಕೆಟ್ಟ ಕಿವಿ ಯಾವುದೆಂದು ಗೊತ್ತಾದ ಮೇಲೆ ಶಸ್ತ್ರವೈದ್ಯರಿಗೆ ದಾರಿ ತೆರೆಯಿತು. ಫ್ರಾನ್ಸಿನ ಪೋರ್ಟ್‌ಮನ್ 1926ರ ಸುಮಾರಿಗೆ ಒಳಗಿವಿಯ ದ್ರವದ ಚೀಲವನ್ನು ಕೊಯ್ದು ಒತ್ತಡ ಇಳಿಸಲು ಯತ್ನಿಸಿದ. ಅಮೆರಿಕದ ವಾಲ್ಟರ್ ಡ್ಯಾಂಡಿ ಕಿವಿಯಿಂದ ಮಿದುಳಿಗೆ ಹೋಗುವ ನರವನ್ನೇ ಕತ್ತರಿಸುತ್ತ ಹೋದ. 600ಕ್ಕೂ ಹೆಚ್ಚು ಮಂದಿಗೆ ಈ ಶಸ್ತ್ರಕ್ರಿಯೆಯಾಯಿತು. ಮೊದಮೊದಲು ಇಡೀ ನರ ಹೋಗಿ ಆ ಕಿವಿ ಪೂರ್ತಿ ಕಿವುಡಾಗುತ್ತಿತ್ತು. ಆಮೇಲೆ ಸಮತೋಲದ ಎಳೆಗಳನ್ನಷ್ಟೇ ಬಿಡಿಸಿ ಕತ್ತರಿಸುವುದನ್ನು ಕಲಿತರು. 1938ರಲ್ಲಿ ಲಂಡನ್ನಿನ ಹಾಲ್‌ಪೈಕ್ ಮತ್ತು ಕೇರ್ನ್ಸ್, ಜಪಾನಿನ ಯಮಾಕಾವಾ ಮೆನಿಯರ್ ಹೇಳಿದ ಕಾಯಿಲೆಯಿದ್ದ ಮೃತರ ಕಿವಿಗಳಲ್ಲಿ ದ್ರವ ತುಂಬಿ ಪೊರೆ ಉಬ್ಬಿರುವುದನ್ನು ಕಂಡರು. ಚೀಲದ ಶಸ್ತ್ರಕ್ರಿಯೆಗೆ ಆಧಾರ ಸಿಕ್ಕಂತಾಯಿತು.

ಆ ಶಸ್ತ್ರಕ್ರಿಯೆಗೆ ಹೆಸರು ತಂದದ್ದು ಗಗನಯಾನಿ ಅಲನ್ ಶೆಪರ್ಡ್. ಮೆನಿಯರ್ ಕಾಯಿಲೆಯಿಂದ ಹಾರಾಟ ನಿಂತಿದ್ದ ಆತ ವಿಲಿಯಂ ಹೌಸ್ ಅವರಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು 1971ರಲ್ಲಿ ಚಂದ್ರನ ಮೇಲೆ ನಡೆದ. ಹತ್ತು ವರ್ಷದ ಬಳಿಕ ಡೆನ್ಮಾರ್ಕಿನ ವೈದ್ಯರು 30 ರೋಗಿಗಳಲ್ಲಿ ಅರ್ಧ ಮಂದಿಗೆ ಚೀಲದ ಶಸ್ತ್ರಕ್ರಿಯೆ ಮಾಡಿ, ಉಳಿದವರಿಗೆ ಕಿವಿಯ ಹಿಂದಿನ ಮೂಳೆಯನ್ನಷ್ಟೇ ಕೊರೆದು ಮುಚ್ಚಿದರು. ಯಾರಿಗೆ ಯಾವುದೆಂದು ರೋಗಿಗಳಿಗೆ ಗೊತ್ತಿರಲಿಲ್ಲ. ಎರಡೂ ಗುಂಪಿನಲ್ಲಿ ಹೆಚ್ಚಿನವರು ಹೆಚ್ಚುಕಡಿಮೆ ಒಂದೇ ರೀತಿ ಸುಧಾರಿಸಿದರು! ಫಲಿತಾಂಶದ ಲೆಕ್ಕಾಚಾರದ ಬಗ್ಗೆ ವಾದ ಇಂದಿಗೂ ಮುಗಿದಿಲ್ಲ. ಆದರೆ ತಾನಾಗಿ ಏರಿ ತಾನಾಗಿ ಇಳಿಯುವ ಕಾಯಿಲೆಯಲ್ಲಿ ಚಿಕಿತ್ಸೆಯ ಗುಣವನ್ನು ಅಳೆಯುವುದು ಎಷ್ಟು ಕಷ್ಟ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಪ್ರಯೋಗ ನನಗೆ ಕಾಣದು. ಈಗ ಔಷಧ, ಪಥ್ಯಕ್ಕೆ ಬಗ್ಗದ ಮೆನಿಯರ್‌ಗೆ ಕಿವಿಯ ತಮಟೆಯ ಮೂಲಕ ಜೆಂಟಾಮೈಸಿನ್ ಚುಚ್ಚುವುದೂ ಉಂಟು. ಸಮತೋಲದ ಕೋಶಗಳನ್ನು ಅದು ಕುಂದಿಸುತ್ತದೆ. ಕೇಳಿಸುವಿಕೆಗೂ ಸ್ವಲ್ಪ ಅಪಾಯವಿದೆ. ನರ ಕತ್ತರಿಸುವುದು ಕೆಲವೇ ಕೆಲವರಿಗೆ.

ಹಾಸಿಗೆಯಲ್ಲಿ ಹೊರಳಿದಾಗ ಬರುವ ತಲೆಸುತ್ತಿನ ಕಥೆ ಇನ್ನೂ ಸ್ವಾರಸ್ಯದ್ದು. ಒಳಗಿವಿಯಲ್ಲಿರುವ ಸುಣ್ಣದ ಸಣ್ಣ ಹರಳುಗಳು ಜಾಗ ಬಿಟ್ಟು ನಾಳದೊಳಗೆ ಸೇರಿದರೆ ಇದು ಬರುತ್ತದೆ. ಇದಕ್ಕೂ 1970ರ ದಶಕದಲ್ಲಿ ಒಂದು ಸಣ್ಣ ನರವನ್ನು ಕತ್ತರಿಸುತ್ತಿದ್ದರು. 1990ರಲ್ಲಿ ಕೆನಡಾದ ವೈದ್ಯರು ನಾಳವನ್ನೇ ಮುಚ್ಚುವ ವಿಧಾನ ತಂದರು. ಅಷ್ಟರಲ್ಲಿ ಅಮೆರಿಕದ ಜಾನ್ ಎಪ್ಲಿ ಕತ್ತಿಯಿಲ್ಲದ ಉಪಾಯ ಹೇಳಿದ್ದ. ಸಹೋದ್ಯೋಗಿಗಳು ನಕ್ಕರು. ಅವನ ಲೇಖನ ಅಚ್ಚಾದದ್ದು 1992ರಲ್ಲಿ.

ಉಪಾಯ ಇಷ್ಟೇ. ರೋಗಿಯನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು 45 ಡಿಗ್ರಿ ಪಕ್ಕಕ್ಕೆ ತಿರುಗಿಸಿ, ತಲೆ ಮಂಚದ ಅಂಚಿನಾಚೆ ತುಸು ಜೋತುಬೀಳುವಂತೆ ಸರಕ್ಕನೆ ಮಲಗಿಸುತ್ತಾರೆ. ಕೆಲವು ಸೆಕೆಂಡು ಏನೂ ಇಲ್ಲ. ಆಮೇಲೆ ಕಣ್ಣುಗುಡ್ಡೆ ಜಗ್ಗಿ ಜಗ್ಗಿ ತಿರುಗತೊಡಗುತ್ತದೆ, ಸಾಮಾನ್ಯವಾಗಿ ನಿಮಿಷದೊಳಗೆ ನಿಲ್ಲುತ್ತದೆ. ಕಾಯಿಲೆ ಗೊತ್ತಾಯಿತು. ಅಲ್ಲಿಂದ ತಲೆಯನ್ನು ಇನ್ನೊಂದು ಪಕ್ಕಕ್ಕೆ, ಮತ್ತೆ ಮುಖ ನೆಲ ನೋಡುವಷ್ಟು ಹೊರಳಿಸಿ ಎಬ್ಬಿಸಿ ಕೂರಿಸಿದರೆ ಹರಳು ನಾಳದಿಂದ ಆಚೆ ಬರುತ್ತದೆ. ಹೆಚ್ಚಿನವರಿಗೆ ಒಂದೆರಡು ಸಲದಲ್ಲಿ ಗುಣ. ಯಂತ್ರವೂ ಬೇಡ, ಮಾತ್ರೆಯೂ ಬೇಡ.

1965ರಲ್ಲಿ ಹುಟ್ಟಿದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂದು ಸಮತೋಲದ ಸೂಕ್ಷ್ಮ ಪರೀಕ್ಷೆಗಳೂ ಇವೆ. ನಮ್ಮ ಮೂರು ತಾಲೂಕಿನವರು ದೊಡ್ಡ ಕಾಯಿಲೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಬೇಡಿಕೆ ನ್ಯಾಯವಾದದ್ದು. ಆದರೆ ಮೇಲೆ ಹೇಳಿದ ಪರೀಕ್ಷೆಗೆ ಅದನ್ನು ಕಾಯಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಮಂಚ ಸಾಕು, ಕಲಿತ ವೈದ್ಯರು ಬೇಕು.

ಓದುಗರಲ್ಲಿ ವಿನಂತಿ: ತಲೆಸುತ್ತಿನ ಮಾತ್ರೆಯನ್ನು ತಿಂಗಳುಗಟ್ಟಲೆ ನೀವಾಗಿಯೇ ನುಂಗಬೇಡಿ, ಕಿವಿಯ ಪರೀಕ್ಷೆ ಮಾಡಿಸಿ. ಕಾರಣ ಗೊತ್ತಾಗುವವರೆಗೆ ಮರ ಹತ್ತಬೇಡಿ, ಹತ್ತಿಸಲೂ ಬೇಡಿ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಮುಖ ಓರೆಯಾದರೆ, ಕೈಕಾಲಿನ ಬಲ ಹೋದರೆ, ಒಂದು ಎರಡಾಗಿ ಕಂಡರೆ ಅದು ಪಾರ್ಶ್ವವಾಯು ಇರಬಹುದು. ಆ ಕ್ಷಣವೇ 108ಕ್ಕೆ ಕರೆ ಮಾಡಿ.