200 ನಿಮಿಷದ ಲೆಕ್ಕ: ಬೆಂಚಿನ ಮೇಲೆ ಕೂತವರ ಚರಿತ್ರೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಕ್ಯಾಬಲ್ಲಿ ಕೂತು ಓದ್ಕೋತೀವಿ ಅನ್ನೋರಿಗಾಗಿ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ಇವತ್ತಿನ ವಿಷಯ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್. ಆಟ ಗೊತ್ತಿಲ್ಲದಿದ್ರೂ ಪರವಾಗಿಲ್ಲ, ಬೆಂಚ್ ಅಂದ್ರೇನು ಅಂತ ನಮ್ಮಲ್ಲಿ ಗೊತ್ತಿಲ್ಲದವರು ಯಾರೂ ಇಲ್ಲ.

ಕಳೆದ ತಿಂಗಳು ಪುಣೆಯ ನಮ್ಮ ಆಫೀಸಲ್ಲಿ, ಕಾಫಿ ಮಷೀನ್ ಹತ್ತಿರ, ನಮ್ಮ ಟೀಮಿನ ಒಬ್ಬ ಹುಡುಗಿ ನನ್ನನ್ನ ನಿಲ್ಲಿಸಿ ಕೇಳಿದಳು. ಧಾರವಾಡದ ಕಡೆಯವಳು. "ಸರ್, ನನ್ನ ಪಾಳಿ ಯಾವಾಗ ಬರ್ತದ್ರೀ?" ಎಂಟು ತಿಂಗಳಿಂದ ಅವಳು ಟೆಸ್ಟ್ ಕೇಸ್ ಬರೀತಿದ್ದಾಳೆ, ರಾತ್ರಿ ಸಪೋರ್ಟ್ ನೋಡ್ತಿದ್ದಾಳೆ. ಕ್ಲೈಂಟ್ ಮುಂದೆ ಡೆಮೊ ಕೊಡೋದು ಮಾತ್ರ ಪ್ರತಿ ಸಲ ಅದೇ ಇಬ್ಬರು. ಹಾಗೆ ಹಂಚಿದ್ದು ನಾನೇ. "ನೋಡೋಣ, ಮುಂದಿನ ರಿಲೀಸಲ್ಲಿ" ಅಂದೆ. ಅಂದ ಮೇಲೆ ನನಗೇ ಒಂಥರಾ ಆಯ್ತು. ಯಾಕಂದ್ರೆ ಇದೇ ಮಾತನ್ನ 20 ವರ್ಷದ ಹಿಂದೆ ನಾನು ಕೇಳಿಸಿಕೊಂಡಿದ್ದೆ.

ಮೈಸೂರು ಕಡೆಯ ಒಂದು ಕಾಲೇಜಲ್ಲಿ ನಾನು ಬಾಸ್ಕೆಟ್‌ಬಾಲ್ ಟೀಮಲ್ಲಿದ್ದೆ. 'ಇದ್ದೆ' ಅಷ್ಟೇ. ಜೆರ್ಸಿ ನಂಬರ್ 14, ಆಟ ಮಾತ್ರ ಇಲ್ಲ. ಒಂದು ಸಲ ಅಂತರ ಕಾಲೇಜು ಪಂದ್ಯಕ್ಕೆ ನಮ್ಮ ತಂದೆ ಎರಡು ಬಸ್ಸು ಬದಲಾಯಿಸಿ ಬಂದಿದ್ರು. 40 ನಿಮಿಷ ನಾನು ಟ್ರ್ಯಾಕ್ ಪ್ಯಾಂಟ್ ಕೂಡ ಬಿಚ್ಚಲಿಲ್ಲ. ವಾಪಸ್ ಬರುವಾಗ ಅವರು ಕೇಳಿದ್ದು ಒಂದೇ: "ಅಷ್ಟು ಹೊತ್ತು ಕೂತಿದ್ಯಲ್ಲ, ಬೆನ್ನು ನೋವಾ ಮಗಾ?" ಕೋಚ್ ಕೆಟ್ಟವರಲ್ಲ. ಪ್ರತಿ ಸಲ "ನೋಡೋಣ, ಮುಂದಿನ ಮ್ಯಾಚಲ್ಲಿ" ಅಂತಿದ್ರು. ಆ ಮುಂದಿನ ಮ್ಯಾಚು ಬರಲೇ ಇಲ್ಲ.

ಹಾಗಾಗಿ ಈ ಪ್ರಶ್ನೆ ನನಗೆ ಹಳೆಯದು. ಆಡೋಕೆ ಐದೇ ಜಾಗ, ಕಾಯೋರು ಹತ್ತು ಜನ. ಯಾರಿಗೆ ಎಷ್ಟು ಹೊತ್ತು? ಇದಕ್ಕೊಂದು ದೊಡ್ಡ ಚರಿತ್ರೆಯೇ ಇದೆ.

ಬದಲಿ ಆಟಗಾರನೇ ಇಲ್ಲದ ಕಾಲ

1891ರ ಡಿಸೆಂಬರ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವೈಎಂಸಿಎ ತರಬೇತಿ ಶಾಲೆ. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡೋಕೆ ಏನಾದರೂ ಬೇಕು ಅಂತ ಜೇಮ್ಸ್ ನೈಸ್ಮಿತ್ ಅನ್ನೋ ಶಿಕ್ಷಕರು ಹೊಸ ಆಟ ಕಟ್ಟಿದ್ರು. ತರಗತಿಯಲ್ಲಿ ಇದ್ದದ್ದು 18 ಜನ. ಅವರೇನು ಮಾಡಿದ್ರು ಗೊತ್ತಾ? ಒಂದು ಕಡೆ 9, ಇನ್ನೊಂದು ಕಡೆ 9. ಮುಗೀತು. ಎಲ್ಲರೂ ಆಡಿದ್ರು, ಬೆಂಚೇ ಇರಲಿಲ್ಲ!

ಬೆಂಚ್ ಹುಟ್ಟಿದ್ದು ತಂಡ ಐದಕ್ಕೆ ಇಳಿದಾಗ. 1896ರ ಜನವರಿಯಲ್ಲಿ ಶಿಕಾಗೊ ವಿಶ್ವವಿದ್ಯಾಲಯ ಮತ್ತು ಅಯೋವಾ ವಿಶ್ವವಿದ್ಯಾಲಯದ ನಡುವೆ, ಕಡೆಗೆ ಐದೈದು ಜನರ ಮೊದಲ ಕಾಲೇಜು ಪಂದ್ಯ ನಡೀತು. ಶಿಕಾಗೊ 15-12ರಲ್ಲಿ ಗೆದ್ದಿತು. ಎರಡೂ ತಂಡ ಒಬ್ಬೇ ಒಬ್ಬ ಬದಲಿ ಆಟಗಾರನನ್ನೂ ಇಳಿಸಲಿಲ್ಲ.

ಆಮೇಲೂ ಬಹಳ ವರ್ಷ ನಿಯಮವೇ ಬಿಗಿಯಾಗಿತ್ತು. ಒಮ್ಮೆ ಹೊರಗೆ ಬಂದವನು ಆ ಪಂದ್ಯದಲ್ಲಿ ಮತ್ತೆ ಒಳಗೆ ಹೋಗುವಂತಿಲ್ಲ. 1920-21ರಲ್ಲಿ ಒಂದು ಸಲ ಮರಳಿ ಹೋಗಬಹುದು ಅಂತಾಯ್ತು. 1933-34ರಲ್ಲಿ ಎರಡು ಸಲ. ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು ಅಂತ ಆದದ್ದು 1944-45ರಲ್ಲಿ.

ಇದರ ಅರ್ಥ ಏನು ನೋಡಿ. 1944ಕ್ಕೆ ಮುಂಚೆ ಕೋಚ್‌ಗೆ ಒಂದು ನೆಪ ಇತ್ತು: "ನಿಯಮ ಬಿಡಲ್ಲಪ್ಪಾ." ಆಮೇಲೆ ಆ ನೆಪ ಹೋಯ್ತು. ಪಂದ್ಯ 40 ನಿಮಿಷ, ಅಂಗಳದಲ್ಲಿ ಐದು ಜನ. 40 ಗುಣಿಸು 5, 200 ನಿಮಿಷ. ಈ 200 ನಿಮಿಷವನ್ನ ಯಾರಿಗೆ ಎಷ್ಟು ಹಂಚಬೇಕು ಅನ್ನೋದು ಇನ್ನು ಪೂರ್ತಿ ಕೋಚ್ ಕೈಯಲ್ಲಿ. ಅಂದ್ರೆ ಕೂತವನು ಯಾಕೆ ಕೂತಿದ್ದಾನೆ ಅನ್ನೋದಕ್ಕೂ ಅವರೇ ಉತ್ತರ ಕೊಡಬೇಕು.

ಮೊದಲೇ ಹೇಳಿದ ಕೋಚ್

ಈಗ ಲಾಸ್ ಏಂಜಲೀಸ್‌ಗೆ ಹೋಗೋಣ. ಅಲ್ಲಿನ ಯುಸಿಎಲ್‌ಎ ತಂಡಕ್ಕೆ ಜಾನ್ ವುಡನ್ ಕೋಚ್. 1964ರಿಂದ 1975ರ ಒಳಗೆ, 12 ವರ್ಷದಲ್ಲಿ 10 ರಾಷ್ಟ್ರೀಯ ಪ್ರಶಸ್ತಿ. ಇವರು ಹಂಚುವುದರಲ್ಲಿ ಬಿಗಿ ಕೈ. ಮುಖ್ಯವಾಗಿ ಏಳೆಂಟು ಜನರನ್ನೇ ಆಡಿಸ್ತಿದ್ದರು. ಉಳಿದವರ ಕೆಲಸ ಅಭ್ಯಾಸದಲ್ಲಿ ಆ ಏಳೆಂಟು ಜನರನ್ನ ತಯಾರು ಮಾಡೋದು. ಸ್ವತಃ ವುಡನ್ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಆಡಿದ್ದು 1930ರ ಆಸುಪಾಸು, ಹೊರಗೆ ಬಂದವನು ಒಂದೇ ಸಲ ಮರಳಬಹುದಾಗಿದ್ದ ಕಾಲ. ಆ ಅಭ್ಯಾಸ ಅವರಲ್ಲಿ ಉಳಿದಿರಬಹುದು ಅನ್ನೋದು ನನ್ನ ಊಹೆ.

1970ರ ದಶಕದ ಆರಂಭದಲ್ಲಿ ಅವರ ಬಳಿಗೆ ಸ್ವೆನ್ ನೇಟರ್ ಅನ್ನೋ ಎತ್ತರದ ಹುಡುಗ ಬಂದ. ಅದೇ ಜಾಗಕ್ಕೆ ಬಿಲ್ ವಾಲ್ಟನ್ ಇದ್ದ, ಕಾಲೇಜು ಆಟ ಕಂಡ ಅತಿ ದೊಡ್ಡ ಸೆಂಟರ್‌ಗಳಲ್ಲಿ ಒಬ್ಬ. ನೇಟರ್ ಹೇಳಿಕೊಂಡಿರೋ ಪ್ರಕಾರ, ವುಡನ್ ಸೇರಿಸಿಕೊಳ್ಳುವಾಗಲೇ ನೇರವಾಗಿ ಹೇಳಿದ್ರು: ಇಲ್ಲಿ ನಿನಗೆ ಆಡೋಕೆ ಹೆಚ್ಚು ಸಿಗಲ್ಲ, ಆದರೆ ದಿನಾ ವಾಲ್ಟನ್ ಎದುರು ಅಭ್ಯಾಸ ಮಾಡ್ತೀಯ, ಅದರಿಂದ ವೃತ್ತಿಪರ ಆಟಕ್ಕೆ ತಯಾರಾಗ್ತೀಯ. ನೇಟರ್ ಒಪ್ಪಿಕೊಂಡ. ಯುಸಿಎಲ್‌ಎಯಲ್ಲಿ ಒಂದೇ ಒಂದು ಪಂದ್ಯದಲ್ಲೂ ಅವನು ಮೊದಲ ಐವರಲ್ಲಿ ಇರಲಿಲ್ಲ. 1973ರಲ್ಲಿ ಎನ್‌ಬಿಎ ಆಯ್ಕೆಯ ಮೊದಲ ಸುತ್ತಿನಲ್ಲೇ ಅವನ ಹೆಸರು ಬಂತು. ಮುಂದೆ 1980ರಲ್ಲಿ ಇಡೀ ಎನ್‌ಬಿಎಯಲ್ಲಿ ರೀಬೌಂಡ್ ಸರಾಸರಿಯಲ್ಲಿ ಅವನೇ ಮೊದಲಿಗ.

ಇದನ್ನ 'ತಾಳ್ಮೆಯಿಂದ ಕೂತರೆ ಒಳ್ಳೇದಾಗುತ್ತೆ' ಅನ್ನೋ ನೀತಿಕಥೆ ಮಾಡಬೇಡಿ. ಕೂತು ಕೂತು ಕಳೆದುಹೋದವರು ಸಾವಿರಾರು ಜನ. ನಾನು ಇಲ್ಲಿ ನೋಡೋದು ಬೇರೆ. ನೇಟರ್‌ಗೆ ಸಿಕ್ಕಿದ್ದು ಕಡಿಮೆ ಪಾಲು, ಆದರೆ ಎಷ್ಟು ಸಿಗುತ್ತೆ, ಬದಲಿಗೆ ಏನು ಸಿಗುತ್ತೆ ಅಂತ ಬರೋಕೆ ಮುಂಚೆಯೇ ಗೊತ್ತಿತ್ತು.

ಬೆಂಚಿನಿಂದ ಎದ್ದು ಬಂದವರು

ನನಗೆ ಎಲ್ಲರಿಗಿಂತ ಹತ್ತಿರ ಅನ್ನಿಸೋದು ಡೀನ್ ಸ್ಮಿತ್. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ 1961ರಿಂದ 1997ರವರೆಗೆ ಕೋಚ್. 879 ಗೆಲುವು. ಮೈಕೆಲ್ ಜೋರ್ಡನ್ ಅವರ ಕೈಯಲ್ಲಿ ಬೆಳೆದ ಹುಡುಗ.

ಸ್ಮಿತ್ ಓದಿದ್ದು ಕನ್ಸಾಸ್ ವಿಶ್ವವಿದ್ಯಾಲಯದಲ್ಲಿ. ಬಾಸ್ಕೆಟ್‌ಬಾಲ್ ಹುಟ್ಟಿಸಿದ ನೈಸ್ಮಿತ್ ಮುಂದೆ ಅಲ್ಲೇ ಕೋಚ್ ಆಗಿದ್ರು, ಅವರ ಶಿಷ್ಯ ಫಾಗ್ ಆಲನ್, ಆಲನ್ ಶಿಷ್ಯ ಸ್ಮಿತ್. 1952ರಲ್ಲಿ ಕನ್ಸಾಸ್ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಸ್ಮಿತ್ ಆ ತಂಡದಲ್ಲಿದ್ದರು, ಆದರೆ ಬದಲಿ ಆಟಗಾರರಾಗಿ. ಬೆಂಚಿನ ಹಲಗೆ ಎಷ್ಟು ಗಟ್ಟಿ ಅಂತ ಗೊತ್ತಿದ್ದವರು.

ಅವರು ಕೋಚ್ ಆದ ಮೇಲೆ ಮೂರು ಪದ್ಧತಿ ತಂದ್ರು. ಒಂದು, ಸುಸ್ತಾದ ಆಟಗಾರ ಮುಷ್ಟಿ ಎತ್ತಿ ತೋರಿಸಬೇಕು, ಕೋಚ್ ಅವನನ್ನ ಹೊರಗೆ ಕರೀತಾರೆ. ಇಲ್ಲಿ ವಿಶೇಷ ಕೇಳಿ: ತಾನಾಗಿ ಕೈ ಎತ್ತಿ ಹೊರಗೆ ಬಂದವನು, ಉಸಿರು ಸರಿಹೋದ ಮೇಲೆ ತಾನೇ ಹೇಳಿ ಒಳಗೆ ಹೋಗಬಹುದು. ಕೈ ಎತ್ತದೆ ಹಟ ಮಾಡಿ, ಕೋಚೇ ಕರೆಯೋ ಹಾಗಾದರೆ, ಮತ್ತೆ ಯಾವಾಗ ಅನ್ನೋದನ್ನ ಕೋಚ್ ತೀರ್ಮಾನಿಸ್ತಾರೆ. ಜಾಗ ಹೋಗುತ್ತೆ ಅನ್ನೋ ಭಯಕ್ಕೆ ಸುಸ್ತು ಮುಚ್ಚಿಡೋದು ಎಲ್ಲ ಕಡೆ ಇದ್ದದ್ದೇ. ಸ್ಮಿತ್ ಆ ಭಯವನ್ನೇ ತೆಗೆದುಹಾಕಿದ್ರು.

ಎರಡು, 'ಬ್ಲೂ ಟೀಮ್'. ಬೆಂಚಿನ ಐದು ಜನರನ್ನ ಒಟ್ಟಿಗೆ, ಸಾಮಾನ್ಯವಾಗಿ ಮೊದಲರ್ಧದಲ್ಲಿ, ಒಂದೆರಡು ನಿಮಿಷಕ್ಕೆ ಇಳಿಸೋದು. ಪಂದ್ಯ ಆಗಲೇ ಗೆದ್ದಾಯ್ತು ಅಂತ ದಾನ ಕೊಟ್ಟ ನಿಮಿಷ ಅಲ್ಲ ಅದು, ಪಂದ್ಯ ನಡೀತಿರುವಾಗಿನ ನಿಮಿಷ. ಆ ಐದು ಜನ ಜೀವ ಬಿಟ್ಟು ಓಡ್ತಿದ್ರು.

ಮೂರು, ಊರ ಅಂಗಳದ ಕೊನೆಯ ಪಂದ್ಯದಲ್ಲಿ ಅಂತಿಮ ವರ್ಷದವರೆಲ್ಲ ಮೊದಲ ಐವರಲ್ಲಿ ಇಳೀತಾರೆ, ನಾಲ್ಕು ವರ್ಷ ಬೆಂಚಿನಲ್ಲೇ ಕಳೆದವನೂ ಸೇರಿ.

ಇದಕ್ಕೆ ಬೆಲೆಯೂ ಇತ್ತು. ಜೋರ್ಡನ್‌ನನ್ನ 20 ಅಂಕದೊಳಗೆ ಕಟ್ಟಿಹಾಕಿದವರು ಡೀನ್ ಸ್ಮಿತ್ ಒಬ್ಬರೇ ಅನ್ನೋ ತಮಾಷೆ ಅಮೆರಿಕದಲ್ಲಿ ಹಳೆಯದು. ಕಾಲೇಜಿನಲ್ಲಿ ಜೋರ್ಡನ್ ಸರಾಸರಿ ನಿಜಕ್ಕೂ 17.7. ಆದರೆ ಆ ತಂಡ 1982ರಲ್ಲಿ ಪ್ರಶಸ್ತಿ ಗೆದ್ದಿತು ಅನ್ನೋದನ್ನೂ ಮರೀಬೇಡಿ.

ಸಮಪಾಲಿನ ಪ್ರಯೋಗ

"ಹಾಗಾದ್ರೆ ಎಲ್ಲರಿಗೂ ಸಮ ಹಂಚಿಬಿಟ್ರೆ ಆಯ್ತಲ್ಲ?" ಅಂತೀರ. ಅದನ್ನೂ ಮಾಡಿ ನೋಡಿದ್ದಾರೆ.

ಅಯೋವಾ ರಾಜ್ಯದ ಗ್ರಿನ್ನೆಲ್ ಅನ್ನೋ ಸಣ್ಣ ಕಾಲೇಜು. ವರ್ಷಗಟ್ಟಲೆ ಸೋಲ್ತಿದ್ದ ತಂಡ. 1989ರಲ್ಲಿ ಬಂದ ಕೋಚ್ ಡೇವಿಡ್ ಆರ್ಸೆನೊ ಕೆಲವು ವರ್ಷದಲ್ಲಿ ಆಟವನ್ನೇ ಬದಲಾಯಿಸಿದ್ರು. ಐದು ಜನ ಸುಮಾರು ಒಂದು ನಿಮಿಷ ದಮ್ಮು ಕಟ್ಟಿ ಓಡಬೇಕು, ಆಮೇಲೆ ಐದೂ ಜನ ಹೊರಗೆ, ಹೊಸ ಐವರು ಒಳಗೆ. ಕಾರ್ಖಾನೆಯ ಶಿಫ್ಟ್ ಇದ್ದ ಹಾಗೆ. ಎಲ್ಲರಿಗೂ ಆಟ ಸಿಕ್ಕಿತು, ತಂಡವೂ ಗೆಲ್ಲತೊಡಗಿತು. ಆದರೆ ಗ್ರಿನ್ನೆಲ್ ಹೆಸರು ಇಡೀ ಜಗತ್ತಿಗೆ ಗೊತ್ತಾದದ್ದು ಯಾವಾಗ? 2012ರ ನವೆಂಬರ್‌ನಲ್ಲಿ ಜ್ಯಾಕ್ ಟೇಲರ್ ಅನ್ನೋ ಒಬ್ಬನೇ ಒಂದು ಪಂದ್ಯದಲ್ಲಿ 138 ಅಂಕ ಹೊಡೆದಾಗ. ಆವತ್ತು ಅವನು ಆಡಿದ್ದು 40ರಲ್ಲಿ 36 ನಿಮಿಷ, ಬುಟ್ಟಿಗೆ ಎಸೆದದ್ದು 108 ಸಲ. ಎಲ್ಲರಿಗೂ ಹಂಚೋಕೆ ಕಟ್ಟಿದ ಯಂತ್ರವೇ ಆ ರಾತ್ರಿ ಒಬ್ಬನಿಗೆ ಎಲ್ಲವನ್ನೂ ಕೊಟ್ಟಿತು.

ದೊಡ್ಡ ಮಟ್ಟದಲ್ಲಿ ಈ ಪ್ರಯೋಗ ನಡೆದದ್ದು 2014-15ರಲ್ಲಿ, ಕೆಂಟಕಿ ವಿಶ್ವವಿದ್ಯಾಲಯದಲ್ಲಿ. ಕೋಚ್ ಜಾನ್ ಕ್ಯಾಲಿಪಾರಿ ಬಳಿ ಶಾಲಾ ಮಟ್ಟದಲ್ಲಿ ದೇಶದ ಅತ್ಯುತ್ತಮರು ಅನ್ನಿಸಿಕೊಂಡ ಹುಡುಗರೇ ತುಂಬಿದ್ರು. ಯಾರನ್ನ ಕೂರಿಸೋದು? ಅವರು ಐದೈದು ಜನರ ಎರಡು ತುಕಡಿ ಮಾಡಿ ಸರದಿಯಲ್ಲಿ ಇಳಿಸಿದ್ರು. ನವೆಂಬರ್‌ನಲ್ಲಿ ಕನ್ಸಾಸ್‌ನಂಥ ತಂಡವನ್ನೇ 72-40ರಲ್ಲಿ ಮುಗಿಸಿದ್ರು. ಡಿಸೆಂಬರ್‌ನಲ್ಲಿ ಒಬ್ಬನ ಮೊಣಕಾಲಿಗೆ ಪೆಟ್ಟಾಯ್ತು, ಎರಡು ತುಕಡಿಯ ಲೆಕ್ಕ ತಪ್ಪಿತು. ಆದರೂ ಹಂಚಿ ಆಡೋದನ್ನ ಪೂರ್ತಿ ಬಿಡಲಿಲ್ಲ, ಒಬ್ಬನ ಸರಾಸರಿಯೂ 30 ನಿಮಿಷ ಮುಟ್ಟಲಿಲ್ಲ. ಸತತ 38 ಗೆಲುವು. ಆಮೇಲೆ ಏಪ್ರಿಲ್‌ನಲ್ಲಿ, ಸೆಮಿಫೈನಲ್‌ನಲ್ಲಿ, ವಿಸ್ಕಾನ್ಸಿನ್ ಎದುರು 71-64ರಲ್ಲಿ ಸೋಲು. ಇಡೀ ವರ್ಷದ ಒಂದೇ ಸೋಲು.

ಸಮಪಾಲಿನಿಂದ ಸೋತರು ಅಂತ ನಾನು ಹೇಳಲ್ಲ. ಆ ಹುಡುಗರ ಲೆಕ್ಕ ನೋಡಿ. ಸುಮಾರು 21 ನಿಮಿಷ ಆಡ್ತಿದ್ದ ಕಾರ್ಲ್ ಆಂಟನಿ ಟೌನ್ಸ್ ಆ ವರ್ಷ ಎನ್‌ಬಿಎ ಆಯ್ಕೆಯಲ್ಲಿ ಎಲ್ಲರಿಗಿಂತ ಮೊದಲಿಗ. ಬೆಂಚಿನಿಂದ ಬರ್ತಿದ್ದ ಡೆವಿನ್ ಬುಕರ್ 13ನೆಯವನು, 2017ರಲ್ಲಿ ಅವನೇ ಒಂದು ಎನ್‌ಬಿಎ ಪಂದ್ಯದಲ್ಲಿ 70 ಅಂಕ ಹೊಡೆದ. ಆ ಒಂದೇ ತಂಡದಿಂದ ಆರು ಜನ ಆಯ್ಕೆಯಾದ್ರು.

ಪೇಪರ್ ಹಾಕುವ ಹಕ್ಕು

ಕೊನೆಯ ಬದಲಾವಣೆ ನಮಗೆ ಚೆನ್ನಾಗಿ ಅರ್ಥ ಆಗೋದು. ಮುಂಚೆ ಆಟ ಸಿಗಲಿಲ್ಲ ಅಂತ ಬೇರೆ ಕಾಲೇಜಿಗೆ ಹೋದವನು ಅಲ್ಲಿ ಒಂದು ವರ್ಷ ಆಡದೆ ಕೂರಬೇಕಿತ್ತು. ನೋಟಿಸ್ ಪೀರಿಯಡ್‌ನ ಅಜ್ಜ ಅದು. 2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು. 2021ರ ಏಪ್ರಿಲ್‌ನಲ್ಲಿ, ಒಂದು ಸಲ ಹೀಗೆ ಹೋದರೆ ಕೂರಬೇಕಾಗಿಲ್ಲ ಅಂತ ನಿಯಮ ಸಡಿಲಾಯ್ತು. ಈಗ ಬೆಂಚಿನಲ್ಲಿ ಕೂತವನು ಸುಮ್ಮನೆ ಪೇಪರ್ ಹಾಕಿ ಹೋಗ್ತಾನೆ. "ನೋಡೋಣ, ಮುಂದಿನ ಮ್ಯಾಚಲ್ಲಿ" ಅನ್ನೋ ಮಾತು ಇನ್ನು ನಡೆಯಲ್ಲ.

ನಮ್ಮ ಕಾಲೇಜು ಅಂಗಳಗಳಿಗೂ ಈ ಆಟ ಬಂದದ್ದು ಅದೇ ವೈಎಂಸಿಎ ದಾರಿಯಲ್ಲಿ. ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆ ಶುರುಮಾಡಿದ್ರು. ಚೆನ್ನೈನಲ್ಲಿರೋರು ನಂದನಂ ದಾಟುವಾಗ ನೋಡಿರ್ತೀರಿ, ಅದೇ ವೈಎಂಸಿಎ ಕಾಲೇಜು. ಆಟ ಬಂತು, ನಿಯಮ ಬಂತು, ಬೆಂಚೂ ಬಂತು. ಕೈ ಎತ್ತಿದವನು ತಾನೇ ಮರಳಿ ಹೋಗಬಹುದು ಅನ್ನೋ ಪದ್ಧತಿ ಮಾತ್ರ ನನ್ನ ಕಾಲೇಜಿನವರೆಗೆ ಬಂದಿರಲಿಲ್ಲ.

ಈ 130 ವರ್ಷದ ಕಥೆಯಲ್ಲಿ ನನಗೆ ಕಂಡದ್ದು ಇಷ್ಟು. 200 ನಿಮಿಷವನ್ನ ಸಮವಾಗಿ ಹಂಚಿದವರೂ ಗೆದ್ದಿದ್ದಾರೆ, ಏಳು ಜನಕ್ಕೇ ಕೊಟ್ಟವರೂ ಗೆದ್ದಿದ್ದಾರೆ. ಬೆಂಚಿನಲ್ಲಿ ಕೂತವನನ್ನ ಕೊರೆಯೋದು ಕಡಿಮೆ ನಿಮಿಷ ಅಲ್ಲ, ಯಾವಾಗ, ಯಾಕೆ ಅಂತ ಗೊತ್ತಿಲ್ಲದೆ ಕಾಯೋದು. ವುಡನ್ ಕಡಿಮೆ ಕೊಟ್ರು, ಆದರೆ ಮೊದಲೇ ಹೇಳಿದ್ರು. ಸ್ಮಿತ್ ಎರಡೇ ನಿಮಿಷ ಕೊಟ್ರು, ಆದರೆ ಆ ಎರಡು ನಿಮಿಷ ಬಂದೇ ಬರುತ್ತೆ ಅಂತ ಹುಡುಗರಿಗೆ ಗೊತ್ತಿತ್ತು.

ಆ ವಾರ ನಾನು ಮುಂದಿನ ಆರು ರಿಲೀಸ್‌ಗಳ ಪಟ್ಟಿ ಮಾಡಿ ವೈಟ್‌ಬೋರ್ಡ್ ಮೇಲೆ ಬರೆದೆ. ಯಾವ ಡೆಮೊ ಯಾರದು, ಜೊತೆಗೆ ಯಾರು ಕೂರ್ತಾರೆ, ಯಾಕೆ. ಯಾವಾಗಲೂ ಡೆಮೊ ಕೊಡ್ತಿದ್ದ ಇಬ್ಬರಲ್ಲಿ ಒಬ್ಬ ಮುಖ ಊದಿಸಿಕೊಂಡ, ಇನ್ನೂ ಸರಿಹೋಗಿಲ್ಲ. ಅವನ ಸಿಟ್ಟಿನಲ್ಲೂ ನ್ಯಾಯ ಇದೆ, ಜೋರ್ಡನ್‌ಗೂ ಬೇಜಾರಾಗಿದ್ದಿರಬಹುದು. ಧಾರವಾಡದ ಹುಡುಗಿ ಬಂದು ಪಟ್ಟಿ ನೋಡಿದಳು. ಅವಳ ಹೆಸರು ನಾಲ್ಕನೆಯದು.

"ನಾಲ್ಕನೇದ್ರೀ?" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಡ್ಡಿಯಿಲ್ಲ ಸರ್. ಯಾವಾಗ ಅಂತ ಗೊತ್ತಾತಲ್ಲ" ಅಂದಳು.