ಅಮೆರಿಕದ ಮತಕ್ಷೇತ್ರಗಳೂ ಮತದಾರನ ನಿರಾಶೆಯೂ

೧

ಕ್ರಿ.ಶ. ೧೮೧೨ರ ಮಾರ್ಚ್ ೨೬ರಂದು 'ಬಾಸ್ಟನ್ ಗೆಜೆಟ್' ಪತ್ರಿಕೆಯಲ್ಲಿ ಒಂದು ವಿಚಿತ್ರ ಪ್ರಾಣಿಯ ಚಿತ್ರವು ಅಚ್ಚಾಯಿತು. ಹಲ್ಲಿಯನ್ನು ಹೋಲುವ ಉದ್ದನೆಯ ಮೈ, ಬೆನ್ನಿಗೆ ರೆಕ್ಕೆ, ಕಾಲಿಗೆ ಚೂಪಾದ ಉಗುರು, ಬಾಯ್ದೆರೆದ ತಲೆ. ಮಸಾಚುಸೆಟ್ಸ್ ಸಂಸ್ಥಾನದ ಎಸೆಕ್ಸ್ ಕೌಂಟಿಯಲ್ಲಿ ಆಗತಾನೆ ರಚಿತವಾಗಿದ್ದ ಒಂದು ಮತಕ್ಷೇತ್ರದ ನಕಾಶೆಗೇ ಚಿತ್ರಕಾರನು ರೆಕ್ಕೆ ಉಗುರುಗಳನ್ನು ಸೇರಿಸಿ ಈ ಮೃಗವನ್ನು ಸೃಷ್ಟಿಸಿದ್ದನು. ಕ್ಷೇತ್ರವನ್ನು ರಚಿಸಿದ ಕಾಯಿದೆಗೆ ಫೆಬ್ರವರಿಯಲ್ಲಿ ಅಂಕಿತ ಹಾಕಿದವನು ಗವರ್ನರ್ ಎಲ್‌ಬ್ರಿಡ್ಜ್ ಗೆರಿ. ಅವನ ಹೆಸರನ್ನೂ 'ಸಾಲಮ್ಯಾಂಡರ್' ಎಂಬ ಪ್ರಾಣಿಯ ಹೆಸರನ್ನೂ ಬೆಸೆದು ಹುಟ್ಟಿಸಿದ ಪದವೇ ಇಂದು ಜನರ ಬಾಯಲ್ಲಿ 'ಜೆರಿಮ್ಯಾಂಡರ್' ಎಂದಾಗಿದೆ.

ಗೆರಿಯು ಅಲ್ಪನಾದ ರಾಜಕಾರಣಿಯಲ್ಲ. ೧೭೭೬ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬನು. ೧೭೮೭ರಲ್ಲಿ ಫಿಲಡೆಲ್ಫಿಯದಲ್ಲಿ ಸಂವಿಧಾನವು ಸಿದ್ಧವಾದಾಗ, ಅದರಲ್ಲಿ ಪ್ರಜೆಗಳ ಹಕ್ಕುಗಳ ಪಟ್ಟಿಯಿಲ್ಲವೆಂಬುದೂ ಸೇರಿದಂತೆ ಹಲವು ಆಕ್ಷೇಪಗಳನ್ನೆತ್ತಿ ಸಹಿ ಹಾಕಲು ನಿರಾಕರಿಸಿದವನು. ಈ ಕಾಯಿದೆಗೆ ಕೂಡ ಅವನು ಮನಸ್ಸಿಲ್ಲದ ಮನಸ್ಸಿನಿಂದಲೇ ಅಂಕಿತ ಹಾಕಿದನೆಂದು ಅವನ ಅಳಿಯನು ಬರೆದ ಜೀವನಚರಿತ್ರೆಯು ಹೇಳುತ್ತದೆ. ಆದರೂ ಹಾಕಿದನು. ಅದರ ಫಲವನ್ನು ಆ ವರ್ಷದ ಚುನಾವಣೆಯಲ್ಲಿ ಕಾಣಬಹುದು. ಸಂಸ್ಥಾನದ ಸೆನೆಟ್ಟಿಗೆ ಗೆರಿಯ ಪಕ್ಷಕ್ಕೆ ೫೦,೧೬೪ ಮತಗಳೂ ಎದುರಾಳಿಗಳಾದ ಫೆಡರಲಿಸ್ಟರಿಗೆ ೫೧,೭೬೬ ಮತಗಳೂ ಬಿದ್ದುವು. ಆದರೆ ೪೦ ಸ್ಥಾನಗಳಲ್ಲಿ ೨೯ ಗೆರಿಯ ಪಕ್ಷಕ್ಕೇ ದೊರೆತುವು. ಗವರ್ನರ್ ಪದವಿಯ ಚುನಾವಣೆಗೆ ಮಾತ್ರ ಸಂಸ್ಥಾನವಿಡೀ ಒಂದೇ ಕ್ಷೇತ್ರ. ಅಲ್ಲಿ ಗೆರೆ ಎಳೆಯಲು ಅವಕಾಶವಿಲ್ಲ. ಅಲ್ಲಿ ಗೆರಿಯು ಸೋತನು. ಅದೇ ಜನ, ಅದೇ ವಸಂತಕಾಲ, ಎರಡು ಬಗೆಯ ತೀರ್ಪು.

ಇದು ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಮಾತು. ಆ ಮೃಗವು ಇನ್ನೂ ಸತ್ತಿಲ್ಲವೇಕೆ, ಅದನ್ನು ಕೊಲ್ಲಲು ಹೊರಟವರು ಅರಿಯದೆಯೇ ಅದಕ್ಕೆ ಹೇಗೆ ಆಹಾರವಿಕ್ಕಿದರು, ಮತದಾರನ ಮನಸ್ಸಿನ ಮೇಲೆ ಅದರ ಪರಿಣಾಮವೇನು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಇದರ ಗಣಿತವನ್ನು ತಿಳಿಯೋಣ. ಒಂದು ಸೀಮೆಯಲ್ಲಿ ೫೦೦ ಮಂದಿ ಮತದಾರರಿದ್ದಾರೆಂದೂ, ಅವರಲ್ಲಿ ೩೦೦ ಮಂದಿ ಒಂದು ಪಕ್ಷದವರು, ೨೦೦ ಮಂದಿ ಇನ್ನೊಂದು ಪಕ್ಷದವರೆಂದೂ ಭಾವಿಸೋಣ. ತಲಾ ೧೦೦ ಮತದಾರರ ೫ ಕ್ಷೇತ್ರಗಳನ್ನು ಮಾಡಬೇಕು. ಗೆರೆ ಎಳೆಯುವ ಅಧಿಕಾರವು ಚಿಕ್ಕ ಪಕ್ಷದ ಕೈಯಲ್ಲಿದ್ದರೆ ಅದು ಎದುರಾಳಿಗಳನ್ನು ಎರಡು ಕ್ಷೇತ್ರಗಳಲ್ಲಿ ೯೦ರಂತೆ ಒತ್ತಿ ತುಂಬುತ್ತದೆ. ಉಳಿದ ೧೨೦ ಮಂದಿಯನ್ನು ಮೂರು ಕ್ಷೇತ್ರಗಳಿಗೆ ೪೦ರಂತೆ ಒಡೆದು ಹಂಚುತ್ತದೆ. ಆ ಮೂರರಲ್ಲಿಯೂ ಚಿಕ್ಕ ಪಕ್ಷಕ್ಕೆ ೬೦ರಂತೆ ಬಹುಮತ. ೨೦೦ ಮಂದಿಯ ಪಕ್ಷವು ೩ ಸ್ಥಾನಗಳನ್ನೂ ೩೦೦ ಮಂದಿಯ ಪಕ್ಷವು ೨ ಸ್ಥಾನಗಳನ್ನೂ ಪಡೆಯಿತು. ಯಾರ ಮತವನ್ನೂ ಕದಿಯಲಿಲ್ಲ, ಯಾವ ಪೆಟ್ಟಿಗೆಯನ್ನೂ ಒಡೆಯಲಿಲ್ಲ, ಎಣಿಕೆಯಲ್ಲಿ ಒಂದು ಮತದ ತಪ್ಪೂ ಇಲ್ಲ. ಒಂದೆಡೆ ತುಂಬುವುದು, ಇನ್ನೊಂದೆಡೆ ಒಡೆಯುವುದು: ಈ ಎರಡೇ ಉಪಾಯಗಳಿಂದ ಚುನಾವಣೆಯ ಫಲವು ಚುನಾವಣೆಗೆ ಮೊದಲೇ ನಿರ್ಣೀತವಾಗಿಬಿಡುತ್ತದೆ.

ಅಮೆರಿಕದ ಸಂವಿಧಾನದಂತೆ ಹತ್ತು ವರ್ಷಗಳಿಗೊಮ್ಮೆ ಜನಗಣತಿಯಾಗಿ, ಯಾವ ಸಂಸ್ಥಾನಕ್ಕೆ ಕೇಂದ್ರ ಪ್ರತಿನಿಧಿಸಭೆಯಲ್ಲಿ ಎಷ್ಟು ಸ್ಥಾನವೆಂಬುದು ಗೊತ್ತಾಗುತ್ತದೆ. ಆದರೆ ಸಂಸ್ಥಾನದೊಳಗೆ ಕ್ಷೇತ್ರಗಳ ಎಲ್ಲೆಯನ್ನು ಹಾಕುವವರು ಬಹುತೇಕ ಕಡೆ ಆ ಸಂಸ್ಥಾನದ ಶಾಸಕರೇ. ರೋಗದ ಬೇರು ಇಲ್ಲಿದೆ.

೩

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಈ ರೋಗವು ಬೇರೊಂದು ರೂಪದಲ್ಲಿ ತಲೆದೋರಿತು. ಗೆರೆಯನ್ನು ವಕ್ರವಾಗಿ ಎಳೆಯುವುದರ ಬದಲು ಎಳೆಯದೆಯೇ ಇದ್ದುಬಿಡುವುದು. ಟೆನೆಸ್ಸೀ ಸಂಸ್ಥಾನವು ೧೯೦೧ರಲ್ಲಿ ಹಾಕಿದ ಎಲ್ಲೆಗಳನ್ನು ಅರುವತ್ತು ವರ್ಷ ಮುಟ್ಟಲಿಲ್ಲ. ಅಷ್ಟರಲ್ಲಿ ಜನರು ಹಳ್ಳಿಗಳನ್ನು ಬಿಟ್ಟು ಮೆಂಫಿಸ್, ನ್ಯಾಶ್‌ವಿಲ್ ಮೊದಲಾದ ನಗರಗಳನ್ನು ಸೇರಿದ್ದರು. ಆದುದರಿಂದ ಮತದಾರರಲ್ಲಿ ನೂರಕ್ಕೆ ೩೭ರಷ್ಟು ಮಂದಿ ಸಂಸ್ಥಾನದ ಸೆನೆಟ್ಟಿನ ೩೩ ಸದಸ್ಯರಲ್ಲಿ ೨೦ ಮಂದಿಯನ್ನು ಆರಿಸುವ ಸ್ಥಿತಿಯುಂಟಾಯಿತು. ಹಳೆಯ ಎಲ್ಲೆಗಳಿಂದ ಆರಿಸಿಬಂದವರು ಆ ಎಲ್ಲೆಗಳನ್ನು ತಾವಾಗಿ ಅಳಿಸುವರೆ? ೧೯೪೬ರಲ್ಲಿ ಇಲಿನಾಯ್ ಸಂಸ್ಥಾನದಿಂದ ಇಂಥದೇ ದೂರು ಬಂದಾಗ, ನ್ಯಾಯಾಧೀಶ ಫ್ರಾಂಕ್‌ಫರ್ಟರ್ ಅವರು ಇದು ರಾಜಕಾರಣದ ಮುಳ್ಳುಪೊದೆ, ನ್ಯಾಯಾಲಯವು ಇದರೊಳಗೆ ಕಾಲಿಡಬಾರದು ಎಂಬ ಅಭಿಪ್ರಾಯವನ್ನಿತ್ತಿದ್ದರು.

ಆದರೆ ೧೯೬೦ರಲ್ಲಿ ಅದೇ ನ್ಯಾಯಾಧೀಶರು ಒಂದು ನಕಾಶೆಯನ್ನು ರದ್ದುಪಡಿಸುವ ತೀರ್ಪನ್ನು ಬರೆಯಬೇಕಾಯಿತು. ಅಲಬಾಮ ಸಂಸ್ಥಾನದ ಟಸ್ಕೀಗಿ ಊರಿನ ಎಲ್ಲೆಯು ಚೌಕವಾಗಿದ್ದಿತು. ಊರಿನ ನೀಗ್ರೋ ವಿದ್ಯಾಲಯದಿಂದಾಗಿ ಅಲ್ಲಿ ಸುಮಾರು ನಾನೂರು ಮಂದಿ ಕರಿಯ ಮತದಾರರಿದ್ದರು. ೧೯೫೭ರಲ್ಲಿ ಶಾಸಕರು ಆ ಚೌಕವನ್ನು ೨೮ ಮೂಲೆಗಳ ಆಕೃತಿಯನ್ನಾಗಿ ಕತ್ತರಿಸಿದರು. ನಾಲ್ಕೈದು ಮಂದಿಯನ್ನುಳಿದು ಕರಿಯ ಮತದಾರರೆಲ್ಲರೂ ಊರಿನಿಂದ ಹೊರಗಾದರು. ಬಿಳಿಯರಲ್ಲಿ ಒಬ್ಬನೂ ಹೊರಗಾಗಲಿಲ್ಲ. ತಮ್ಮ ಮನೆಯ ಜಗಲಿಯನ್ನು ಬಿಟ್ಟು ಕದಲದವರು ತಮ್ಮ ಊರಿಗೇ ಹೊರಗಿನವರಾದರು. ಆ ವಿದ್ಯಾಲಯದ ಅಧ್ಯಾಪಕ ಚಾರ್ಲ್ಸ್ ಗೊಮಿಲಿಯನ್ ಅವರು ಮೊಕದ್ದಮೆ ಹೂಡಿ ಗೆದ್ದರು.

ಮುಂದೆ ೧೯೬೨ರ ಮಾರ್ಚ್ ೨೬ರಂದು, ಆ ಮೃಗದ ಚಿತ್ರವು ಅಚ್ಚಾಗಿ ಸರಿಯಾಗಿ ನೂರೈವತ್ತು ವರ್ಷ ತುಂಬಿದ ದಿನ, ಸರ್ವೋಚ್ಚ ನ್ಯಾಯಾಲಯವು ಟೆನೆಸ್ಸೀಯ ಮೊಕದ್ದಮೆಯಲ್ಲಿ ಇಂಥ ದೂರನ್ನು ವಿಚಾರಿಸುವ ಅಧಿಕಾರವು ತನಗುಂಟೆಂದು ಸಾರಿತು. ೧೯೬೪ರ ತೀರ್ಪುಗಳು ಪ್ರತಿಯೊಂದು ಕ್ಷೇತ್ರದ ಜನಸಂಖ್ಯೆಯೂ ಸಮವಾಗಿರಬೇಕೆಂದು ವಿಧಿಸಿದುವು. ಮುಖ್ಯ ನ್ಯಾಯಾಧೀಶ ಅರ್ಲ್ ವಾರನ್ ಅವರು ತಮ್ಮ ಕಾಲದ ತೀರ್ಪುಗಳಲ್ಲಿ ೧೯೬೨ರದೇ ಅತ್ಯಂತ ಮಹತ್ತ್ವದ್ದೆಂದು ಭಾವಿಸಿದ್ದರು. ಅದು ಅತಿಶಯೋಕ್ತಿಯಲ್ಲ.

ಆದರೆ ಚರಿತ್ರೆಯ ಗತಿ ವಿಚಿತ್ರ. ಸಮಸಂಖ್ಯೆಯ ನಿಯಮದಿಂದ ಪ್ರತಿ ಜನಗಣತಿಯ ತರುವಾಯವೂ ಎಲ್ಲೆಗಳನ್ನು ಅಳಿಸಿ ಹಾಕುವುದು ಅನಿವಾರ್ಯವಾಯಿತು. ಉದಾಸೀನವೆಂಬ ರೋಗವು ವಾಸಿಯಾಯಿತು. ಕುಯುಕ್ತಿಗೆ ಹತ್ತು ವರ್ಷಕ್ಕೊಮ್ಮೆ ಅವಕಾಶ ದೊರೆಯಿತು. ತೂಕವು ಸಮನಾಗಿದ್ದರೆ ಸಾಕು, ಆಕಾರವು ಹೇಗಿದ್ದರೂ ಸರಿಯೆಂದಾಯಿತು.

೪

ಗೆರಿಯ ಕಾಲದಲ್ಲಿ ಗೆರೆ ಎಳೆಯುವವನಿಗೆ ಊರುಗಳ ಒಲವಷ್ಟೇ ತಿಳಿದಿರುತ್ತಿತ್ತು. ಗಣಕಯಂತ್ರವು ಬಂದ ಮೇಲೆ ಬೀದಿಬೀದಿಯ ಒಲವೂ ತಿಳಿಯತೊಡಗಿತು. ೨೦೧೦ರ ಜನಗಣತಿಯ ಅನಂತರ ರಚಿತವಾದ ನಕಾಶೆಗಳಲ್ಲಿ ಇದರ ಪರಿಪಾಕವನ್ನು ಕಾಣಬಹುದು. ೨೦೧೨ರಲ್ಲಿ ಪೆನ್ಸಿಲ್ವೇನಿಯದಲ್ಲಿ ಡೆಮಾಕ್ರಟರಿಗೆ ಅರ್ಧಕ್ಕಿಂತ ತುಸು ಹೆಚ್ಚು ಮತಗಳು ಬಿದ್ದರೂ ೧೮ ಸ್ಥಾನಗಳಲ್ಲಿ ೧೩ ರಿಪಬ್ಲಿಕನರ ಪಾಲಾದುವು. ೨೦೧೮ರಲ್ಲಿ ಆ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯವೇ ನಕಾಶೆಯನ್ನು ಬದಲಾಯಿಸಿದಾಗ ಫಲವು ೯ಕ್ಕೆ ೯ ಆಯಿತು. ಉತ್ತರ ಕೆರೊಲಿನದಲ್ಲಿ ೨೦೧೬ರ ನಕಾಶೆಯ ಹೊಣೆ ಹೊತ್ತ ರಿಪಬ್ಲಿಕನ್ ಶಾಸಕರೊಬ್ಬರು, ೧೩ರಲ್ಲಿ ೧೦ ಸ್ಥಾನ ತಮಗೆ ಬರುವಂತೆ ಮಾಡುತ್ತಿರುವುದು ೧೧ ಬರುವಂತೆ ಮಾಡಲು ಸಾಧ್ಯವಿಲ್ಲದ್ದರಿಂದಲೇ ಎಂದು ಬಹಿರಂಗವಾಗಿಯೇ ಹೇಳಿದರು. ಡೆಮಾಕ್ರಟರೇನೂ ಸಾಧುಗಳಲ್ಲ. ಮೇರಿಲ್ಯಾಂಡಿನಲ್ಲಿ ಅಧಿಕಾರವು ಅವರದಾಗಿದ್ದುದರಿಂದ ೨೦೧೧ರಲ್ಲಿ ಆರನೆಯ ಕ್ಷೇತ್ರವನ್ನು ಹಾಗೆಯೇ ಕಡೆದು ಇಪ್ಪತ್ತು ವರ್ಷಗಳಿಂದ ಗೆಲ್ಲುತ್ತಿದ್ದ ರಿಪಬ್ಲಿಕನ್ ಸದಸ್ಯರನ್ನು ಸೋಲಿಸಿದರು.

ಈ ಎರಡು ಸಂಸ್ಥಾನಗಳ ಮೊಕದ್ದಮೆಗಳೂ ಒಟ್ಟಿಗೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದುವು. ೨೦೧೯ರ ಜೂನ್ ೨೭ರಂದು ೫ಕ್ಕೆ ೪ರ ಬಹುಮತದಿಂದ, ಪಕ್ಷಲಾಭಕ್ಕಾಗಿ ಎಳೆದ ಗೆರೆಯು ಅನ್ಯಾಯವಾದರೂ ಅದನ್ನು ಅಳೆಯುವ ಮಾನದಂಡವು ಕೇಂದ್ರ ನ್ಯಾಯಾಲಯಗಳ ಬಳಿ ಇಲ್ಲವೆಂದು ಮುಖ್ಯ ನ್ಯಾಯಾಧೀಶ ರಾಬರ್ಟ್ಸ್ ಅವರು ತೀರ್ಪಿತ್ತರು. ನ್ಯಾಯಾಲಯವು ಮತ್ತೆ ಆ ಮುಳ್ಳುಪೊದೆಯಿಂದ ಹಿಂದೆ ಸರಿಯಿತು.

೫

ಅಮೆರಿಕದ ಇಂದಿನ ಪಕ್ಷವೈಷಮ್ಯಕ್ಕೆಲ್ಲ ಈ ಗೆರೆಗಳೇ ಕಾರಣವೆಂದು ಹೇಳುವವರುಂಟು. ಅದು ಸಮಗ್ರ ಸತ್ಯವಲ್ಲ. ಸೆನೆಟ್ಟಿನ ಸದಸ್ಯರು ಇಡೀ ಸಂಸ್ಥಾನದಿಂದ ಆರಿಸಿಬರುತ್ತಾರೆ; ಅಲ್ಲಿ ಗೆರೆಯ ಮಾತೇ ಇಲ್ಲ. ಆದರೂ ಅಲ್ಲಿಯ ವೈಷಮ್ಯವೇನೂ ಕಡಮೆಯಿಲ್ಲ. ೧೯೫೦ರಲ್ಲಿ ಅಮೆರಿಕದ ರಾಜ್ಯಶಾಸ್ತ್ರ ಸಂಘದ ಒಂದು ಸಮಿತಿಯು, ಎರಡು ಪಕ್ಷಗಳೂ ತಮ್ಮತಮ್ಮ ಧೋರಣೆಯನ್ನು ಸ್ಪಷ್ಟಪಡಿಸಿ ಮತದಾರನಿಗೆ ನಿಜವಾದ ಆಯ್ಕೆಯನ್ನು ಒದಗಿಸಬೇಕೆಂದು ವರದಿಯಿತ್ತಿತ್ತು! ಆಗ ಎರಡು ಪಕ್ಷಗಳಲ್ಲಿಯೂ ಉದಾರಿಗಳೂ ಸಂಪ್ರದಾಯಸ್ಥರೂ ಬೆರೆತಿದ್ದರು. ೧೯೬೪ರ ನಾಗರಿಕ ಹಕ್ಕುಗಳ ಕಾಯಿದೆ, ೧೯೬೫ರ ಮತದಾನ ಹಕ್ಕಿನ ಕಾಯಿದೆ ಇವುಗಳ ತರುವಾಯ ದಕ್ಷಿಣದ ಬಿಳಿಯರು ಮೆಲ್ಲಮೆಲ್ಲನೆ ಡೆಮಾಕ್ರಟಿಕ್ ಪಕ್ಷವನ್ನು ತೊರೆದರು. ನಗರಗಳು ಒಂದು ಪಕ್ಷದ ಕಡೆಗೂ ಗ್ರಾಮಗಳು ಇನ್ನೊಂದರ ಕಡೆಗೂ ವಾಲಿದುವು. ಗೆರೆಯು ಈ ಬಿರುಕನ್ನು ಉಂಟುಮಾಡಲಿಲ್ಲ. ಬಿರುಕಿನ ಉದ್ದಕ್ಕೂ ಗೋಡೆಯನ್ನು ಕಟ್ಟಿತು.

ಈ ಗೋಡೆಯ ಪರಿಣಾಮವೇನು? ಒಂದು ಪಕ್ಷಕ್ಕೆ ಭದ್ರವಾದ ಕ್ಷೇತ್ರದಲ್ಲಿ ನಿಜವಾದ ಸ್ಪರ್ಧೆಯು ನಡೆಯುವುದು ಪಕ್ಷದ ಒಳಗಿನ ಪ್ರಾಥಮಿಕ ಚುನಾವಣೆಯಲ್ಲಿ. ಅಲ್ಲಿಗೆ ಬರುವವರು ಕೆಲವರೇ. ಅವರು ಕಟ್ಟಾ ಪಕ್ಷನಿಷ್ಠರು. ೨೦೧೪ರಲ್ಲಿ ಪ್ರತಿನಿಧಿಸಭೆಯ ರಿಪಬ್ಲಿಕನ್ ನಾಯಕರಾಗಿದ್ದ ಎರಿಕ್ ಕ್ಯಾಂಟರ್ ಅವರು ವರ್ಜೀನಿಯದ ತಮ್ಮ ಕ್ಷೇತ್ರದಲ್ಲಿ ಸೋತದ್ದು ಎದುರು ಪಕ್ಷಕ್ಕಲ್ಲ, ಸ್ವಪಕ್ಷದ ಒಬ್ಬ ಅಧ್ಯಾಪಕನಿಗೆ. ಇಂಥ ಸೋಲಿನ ಭಯವಿರುವಾಗ ಯಾವ ಸದಸ್ಯನು ಎದುರಿನವರೊಡನೆ ಸಂಧಾನಕ್ಕೆ ಕೈ ಚಾಚುವನು?

ಮತದಾರನ ನಿರಾಶೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ೧೯೫೮ರಲ್ಲಿ ಕೇಂದ್ರ ಸರ್ಕಾರವು ಸಾಮಾನ್ಯವಾಗಿ ಸರಿಯಾದುದನ್ನೇ ಮಾಡುವುದೆಂದು ನಂಬಿದ್ದ ಅಮೆರಿಕನರು ನೂರಕ್ಕೆ ಸುಮಾರು ಎಪ್ಪತ್ತೈದು. ಈಚಿನ ವರ್ಷಗಳಲ್ಲಿ ಇಪ್ಪತ್ತರ ಆಸುಪಾಸು. ವಿಯೆಟ್ನಾಮ್ ಯುದ್ಧ, ವಾಟರ್‌ಗೇಟ್ ಹಗರಣ ಮುಂತಾದ ಅನೇಕ ಕಾರಣಗಳು ಇದಕ್ಕುಂಟು. ೨೦೧೪ರ ಮಧ್ಯಾವಧಿ ಚುನಾವಣೆಯಲ್ಲಿ ಮತ ಹಾಕಿದವರು ಅರ್ಹರಲ್ಲಿ ನೂರಕ್ಕೆ ಸುಮಾರು ೩೬ ಮಾತ್ರ; ೧೯೪೨ರ ಯುದ್ಧಕಾಲದಿಂದೀಚೆಗೆ ಅಷ್ಟು ಕಡಮೆಯಾಗಿರಲಿಲ್ಲ. ಆದರೆ ೨೦೨೦ರ ಅಧ್ಯಕ್ಷ ಚುನಾವಣೆಯಲ್ಲಿ ಸುಮಾರು ೬೬ ಮಂದಿ ಮತ ಹಾಕಿದರು. ೧೯೦೦ರಿಂದೀಚೆಗೆ ಅಷ್ಟು ಹೆಚ್ಚಾಗಿರಲಿಲ್ಲ. ಆದುದರಿಂದ ನಿರಾಶೆಯೆಂದರೆ ಉದಾಸೀನವೆಂದು ತಿಳಿಯಬಾರದು. ಎದುರು ಪಕ್ಷದ ಭಯದಿಂದ ಮತಗಟ್ಟೆಗೆ ಓಡಿಬರುವವನೂ ತನ್ನ ಕ್ಷೇತ್ರದ ಫಲವು ಮೊದಲೇ ಗೊತ್ತಿದ್ದು ನಿರಾಶನಾಗಿರಬಹುದು.

೬

ಪರಿಹಾರವಿಲ್ಲವೆ? ಉಂಟು, ಪ್ರಯೋಗವೂ ಆಗಿದೆ. ಅಯೋವ ಸಂಸ್ಥಾನವು ೧೯೮೦ರಲ್ಲಿ ಈ ಕೆಲಸವನ್ನು ಪಕ್ಷಾತೀತವಾದ ಸಿಬ್ಬಂದಿಗೆ ವಹಿಸಿತು; ಅವರ ನಕಾಶೆಯನ್ನು ಶಾಸಕರು ಒಪ್ಪಬೇಕೆಂಬುದು ನಿಜ, ಆದರೆ ರಚಿಸುವ ಕೈ ಬೇರೆ. ಆರಿಜೋನದ ಜನರು ೨೦೦೦ದಲ್ಲಿ, ಕ್ಯಾಲಿಫೋರ್ನಿಯದವರು ೨೦೦೮ ಮತ್ತು ೨೦೧೦ರಲ್ಲಿ, ಮಿಷಿಗನ್ನಿನವರು ೨೦೧೮ರಲ್ಲಿ ಜನಮತದ ಮೂಲಕ ಸ್ವತಂತ್ರ ಆಯೋಗಗಳನ್ನು ಸ್ಥಾಪಿಸಿಕೊಂಡರು.

ಆದರೆ ೨೦೨೫ರ ಘಟನೆಗಳು ಆತಂಕವನ್ನುಂಟುಮಾಡುತ್ತವೆ. ಆ ವರ್ಷದ ಆಗಸ್ಟಿನಲ್ಲಿ ಟೆಕ್ಸಾಸ್ ಸಂಸ್ಥಾನವು ಮುಂದಿನ ಜನಗಣತಿಗೂ ಕಾಯದೆ, ರಿಪಬ್ಲಿಕನರಿಗೆ ಇನ್ನೂ ಐದು ಸ್ಥಾನಗಳು ಒದಗಲೆಂದು ನಕಾಶೆಯನ್ನು ಬದಲಿಸಿತು. ಅದಕ್ಕೆ ಪ್ರತಿಯಾಗಿ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ಮತದಾರರು ತಾವೇ ಸ್ಥಾಪಿಸಿದ ಆಯೋಗದ ನಕಾಶೆಯನ್ನು ಬದಿಗಿಟ್ಟು, ಡೆಮಾಕ್ರಟರಿಗೆ ಅನುಕೂಲವಾದ ನಕಾಶೆಯನ್ನು ಬಹುಮತದಿಂದ ಅಂಗೀಕರಿಸಿದರು. ೧೮೧೨ರಲ್ಲಿ ಅನ್ಯಾಯವನ್ನೆಸಗಿದವರು ಶಾಸಕರು. ಇಲ್ಲಿ ಪ್ರಜೆಗಳೇ, ನ್ಯಾಯವಾಗಿ ನಡೆದರೆ ಸೋಲುವೆವೆಂಬ ಭಯದಿಂದ, ತಮ್ಮ ಕೈಯಾರೆ ಆ ಗೆರೆಯನ್ನು ಎಳೆದರು. ನಿರಾಶೆಯ ಪರಮಾವಧಿಯನ್ನು ಮತಗಟ್ಟೆಗೆ ಬಾರದವನಲ್ಲಿ ಹುಡುಕುವುದಕ್ಕಿಂತ ಇಲ್ಲಿಯೇ ಹುಡುಕಬೇಕೆಂದು ನನಗೆ ತೋರುತ್ತದೆ.

ಭಾರತೀಯರಾದ ನಾವು ಈ ಚರಿತ್ರೆಯನ್ನು ಓದುವಾಗ ನಮ್ಮ ಹಿರಿಯರ ಒಂದು ವಿವೇಕವನ್ನು ನೆನೆಯಬೇಕು. ೧೯೫೨ರ ಕಾಯಿದೆಯಿಂದ ಮೊದಲ್ಗೊಂಡು ನಮ್ಮಲ್ಲಿ ಎಲ್ಲೆ ಹಾಕುವ ಕೆಲಸವು ಪುನರ್ವಿಂಗಡಣಾ ಆಯೋಗಕ್ಕೆ ಸೇರಿದೆ. ೨೦೦೨ರ ಕಾಯಿದೆಯಂತೆ ಲೋಕಸಭೆ ವಿಧಾನಸಭೆಗಳ ಸದಸ್ಯರು ಸಹಸದಸ್ಯರಾಗಿ ಕುಳಿತು ಸಲಹೆ ನೀಡಬಹುದು, ಮತ ಹಾಕುವಂತಿಲ್ಲ. ಆ ಆಯೋಗವು ಹಾಕಿದ ಎಲ್ಲೆಗಳ ಮೇಲೆ ಮೊತ್ತಮೊದಲು ಚುನಾವಣೆ ನಡೆದದ್ದು ೨೦೦೮ರಲ್ಲಿ ನಮ್ಮ ಕರ್ನಾಟಕದಲ್ಲಿಯೇ. ನಮ್ಮಲ್ಲಿ ಜಗಳವಿರುವುದು ಯಾವ ರಾಜ್ಯಕ್ಕೆ ಎಷ್ಟು ಸ್ಥಾನವೆಂಬುದರ ಬಗ್ಗೆ. ೧೯೭೬ರಲ್ಲಿ ಆ ಹಂಚಿಕೆಯನ್ನು ತಡೆಹಿಡಿದದ್ದೂ ೨೦೦೧ರಲ್ಲಿ ಆ ತಡೆಯನ್ನು ಮುಂದುವರಿಸಿದ್ದೂ ಅದರಿಂದಲೇ. ಟೆನೆಸ್ಸೀಯ ಕಥೆಯು ಆ ಜಗಳದಲ್ಲಿ ಎರಡು ಪಕ್ಷದವರಿಗೂ ಪಾಠ ಹೇಳಬಲ್ಲುದು. ಆದರೆ ಗೆರೆ ಎಳೆಯುವ ಕೈ ಯಾರದಿರಬೇಕೆಂಬ ಪ್ರಶ್ನೆಗೆ ನಮ್ಮವರು ಕೊಟ್ಟ ಉತ್ತರವು ಬೆಲೆಯುಳ್ಳದ್ದು. ಅದನ್ನು ಕಾಪಾಡಿಕೊಳ್ಳುವುದು ನಮ್ಮ ಹೊಣೆ.

ಲೆಕ್ಕ ಬರೆದವನೇ ಅದರ ತಪಾಸಣೆಯನ್ನೂ ಮಾಡಬಾರದೆಂಬುದು ಬ್ಯಾಂಕಿಗೆ ಹೊಸದಾಗಿ ಸೇರಿದ ಗುಮಾಸ್ತನಿಗೂ ಮೊದಲ ವಾರದಲ್ಲಿಯೇ ಹೇಳಿಕೊಡುವ ನಿಯಮ. ಆತನು ಪ್ರಾಮಾಣಿಕನಲ್ಲವೆಂಬ ಶಂಕೆಯಿಂದ ಆ ನಿಯಮವನ್ನು ಮಾಡಿದ್ದಲ್ಲ. ಪ್ರಾಮಾಣಿಕನಾದವನನ್ನೂ ಆ ಪ್ರಲೋಭನೆಗೆ ಒಡ್ಡಬಾರದೆಂದು ಮಾಡಿದ್ದು. ಎಲ್‌ಬ್ರಿಡ್ಜ್ ಗೆರಿಯೂ ತನ್ನ ಕಾಲದ ಪ್ರಾಮಾಣಿಕರಲ್ಲಿ ಒಬ್ಬನೆಂಬುದನ್ನು ಮರೆಯದಿರೋಣ.